ನೀರು ಬರುವ ಹೊತ್ತಿಗೆ ಮುಗಿದ ಚಿತ್ರ

ಸಿನಿಮಾದ ಬಗ್ಗೆ ಬರೆಯುವಷ್ಟು ಓದಿದವಳು ನಾನಲ್ಲ. ಹಗಲು ರವಿಕೆ ಹೊಲಿದು, ಸಂಜೆ ತರಗತಿಯಲ್ಲಿ ಕೂತು ಕಲಿತ ಬರವಣಿಗೆ ನನ್ನದು. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ಓದುವವರು ಕ್ಷಮಿಸಬೇಕು. ಈಗ ಇಲ್ಲದ ಅಪ್ಪನನ್ನು ಹೀಗೆ ನಾಲ್ಕು ಜನರ ಮುಂದೆ ತರುವುದು ಸರಿಯೇ ಎಂಬ ಅಳುಕೂ ಇದೆ. ಆದರೆ ಸುಮ್ಮನಿರೋಣವೆಂದು ಕಣ್ಣು ಮುಚ್ಚಿದಾಗಲೆಲ್ಲ ಆ ಪರದೆ ಇಳಿಯತೊಡಗುತ್ತದೆ.

ಕುಂಕುಮದ ಬಣ್ಣದ ಮಖಮಲ್ಲಿನ ಪರದೆ, ಅಂಚಿಗೆ ಮಾಸಿದ ಜರಿ. ನಮ್ಮೂರ ಟಾಕೀಸಿನಲ್ಲಿ ಅದು ಕಿರುಗುಟ್ಟುತ್ತ ಇಳಿಯುವಾಗ ಚಿತ್ರದ ಬೆಳಕು ಪೂರ್ತಿ ಆರಿರುತ್ತಿರಲಿಲ್ಲ. ಒಲೆಯ ಮುಂದೆ ಕೂತ ಕೆಂಪಿಯೆಂಬ ಹುಡುಗಿಯ ಮುಖ ಮಖಮಲ್ಲಿನ ನೆರಿಗೆಗಳ ಮೇಲೆ ತುಂಡುತುಂಡಾಗಿ ಒಂದು ಗಳಿಗೆ ನಿಂತು ಆಮೇಲೆ ಅಳಿಸಿಹೋಗುತ್ತಿತ್ತು. ಹೆಂಗಸರು ಮೂಗು ಒರೆಸಿಕೊಂಡು, ಮಕ್ಕಳನ್ನು ಎಬ್ಬಿಸಿ, ಚಪ್ಪಲಿ ಹುಡುಕಿಕೊಂಡು ಏಳುತ್ತಿದ್ದರು. ಏಳಲೇಬೇಕಿತ್ತು. ಬೀದಿಯ ನಲ್ಲಿಗೆ ನೀರು ಬರುವ ಹೊತ್ತು ಅದು.

ಶುಕ್ರವಾರ ಮಧ್ಯಾಹ್ನದ ಆಟ ಹೆಂಗಸರದು. ಮನೆಯ ಗಂಡಸರಿಗೆಲ್ಲ ಉಣಬಡಿಸಿ, ಪಾತ್ರೆ ತೊಳೆದಿಟ್ಟು ಬರುವವರಾದ್ದರಿಂದ ಆಟ ಬೇಗ ಶುರುವಾಗುತ್ತಿರಲಿಲ್ಲ. ಬಿಂದಿಗೆಗಳ ಸಾಲಿನಲ್ಲಿ ಜಾಗ ಹಿಡಿಯಬೇಕಾದ್ದರಿಂದ ತಡವಾಗಿ ಮುಗಿಯುವಂತೆಯೂ ಇರಲಿಲ್ಲ. ಅದಕ್ಕೆ ಟಾಕೀಸಿನವರು ಆ ಆಟಕ್ಕೆ ಒಂದು ರೀಲನ್ನು ಬಿಟ್ಟುಬಿಡುತ್ತಿದ್ದರು. ಇದು ಗುಟ್ಟೇನೂ ಅಲ್ಲ. ಹೊಡೆದಾಟದ ರೀಲೋ, ನಗಿಸುವವರ ರೀಲೋ ಕಾಣೆಯಾದರೆ ಹೆಂಗಸರಿಗೆ ಅಲ್ಲೇ ತಿಳಿಯುತ್ತಿತ್ತು. ಮನೆಗೆ ಬಂದು, ಸಂಜೆಯ ಆಟ ನೋಡಿದ ಗಂಡಂದಿರಿಂದಲೋ ಅಣ್ಣಂದಿರಿಂದಲೋ ಬಿಟ್ಟುಹೋದದ್ದನ್ನು ಹೇಳಿಸಿಕೊಳ್ಳುತ್ತಿದ್ದರು. ಸಂಜೆಯ ಆಟಕ್ಕೆ ಹೆಂಗಸರು ಹೋಗುವ ರೂಢಿ ನಮ್ಮ ಬೀದಿಗಳಲ್ಲಿ ಇರಲಿಲ್ಲ.

ಆದರೆ ಕೆಂಪಿಯ ಚಿತ್ರದಲ್ಲಿ ಏನೋ ಬಿಟ್ಟುಹೋಗಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅದು ಹೊಳೆಯ ದಡದ ಒಬ್ಬ ಹುಡುಗಿ ದೊಡ್ಡವಳಾಗುವ ಕತೆ. ತಾಯಿ ಎಲೆ ಹಚ್ಚಿ ಊಟದೆಲೆ ಮಾರುವವಳು. ಕೆಂಪಿ ಮರ ಹತ್ತುತ್ತಾಳೆ, ಹೊಳೆಯಲ್ಲಿ ಈಜುತ್ತಾಳೆ. ಒಂದು ದಿನ ಈಜಬೇಡ ಎನ್ನುತ್ತಾರೆ. ಗೆಳತಿಗೆ ಮದುವೆಯಾಗುತ್ತದೆ. ಆಚೆ ದಡದ ಊರಿನಲ್ಲಿ ಓದಲು ಅವಳಿಗೆ ಜಾಗ ಸಿಗುತ್ತದೆ. ತಾಯಿ ಹೋಗು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಕೆಂಪಿ ಗಂಟು ಹಿಡಿದು ದೋಣಿಯವರೆಗೆ ಹೋಗುತ್ತಾಳೆ. ನಿಂತು ನೋಡಿ ಮನೆಗೆ ಮರಳುತ್ತಾಳೆ. ಬಾಗಿಲು ಹಾಕಿ ಒಲೆ ಹೊತ್ತಿಸುತ್ತಾಳೆ. ತಾಯಿ ಬಂದು ತಲೆಯ ಮೇಲೆ ಕೈಯಿಡುತ್ತಾಳೆ. ಅಲ್ಲಿಗೆ ಪರದೆ.

ನಾನು ಅದನ್ನು ಮೊದಲು ನೋಡಿದಾಗ ನನಗೂ ಕೆಂಪಿಯಷ್ಟೇ ವಯಸ್ಸು. ದಾದಿಯರ ತರಬೇತಿಗೆ ದೊಡ್ಡಾಸ್ಪತ್ರೆಯಿದ್ದ ಊರಿನಲ್ಲಿ ನನಗೆ ಜಾಗ ಸಿಕ್ಕಿತ್ತು. ಅವ್ವ ನನ್ನ ಬಟ್ಟೆಗಳನ್ನು ಒಗೆದು ಮಡಿಸಿ ಟ್ರಂಕಿನ ಪಕ್ಕಕ್ಕೆ ಇಟ್ಟಿದ್ದಳು, ಒಳಗೆ ಇಟ್ಟಿರಲಿಲ್ಲ. ನಮ್ಮದು ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗುತ್ತಿದ್ದಂತೆ ಜರಡಿ ಹಿಡಿದು ಮರಳನ್ನು ಬೇರೆ ಮಾಡುವ ಕೆಲಸ ನನ್ನದು. ಅಪ್ಪ ಭಟ್ಟಿಯ ಮುಂದಿನಿಂದ ಎದ್ದು ಬಂದು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದ:

"ಹೋಗಬ್ಯಾಡ ಅಂತ ನಾನು ಅನ್ನಲ್ಲ ಕಣಮ್ಮ. ಶುಕ್ರವಾರ ನಿಮ್ಮವ್ವನ ಜೊತೆ ಆ ಕೆಂಪಿ ಪಿಕ್ಚರ್ ನೋಡ್ಕೊಂಡ್ ಬಾ. ಆಮೇಲೆ ನೀನೇ ತೀರ್ಮಾನ ಮಾಡು."

ನನಗೆ ಆಶ್ಚರ್ಯವಾಯಿತು. ಟಾಕೀಸಿನ ಕಡೆ ತಲೆ ಹಾಕಿದರೂ ಬೈಯುವ ಅಪ್ಪ ತಾನೇ ಕಳಿಸುತ್ತಿದ್ದಾನೆ. ಅಣ್ಣ ಓಬಳೇಶ ಮೂಟೆ ಹೊಲಿಯುತ್ತಿದ್ದವನು ತಲೆಯೆತ್ತಿ, "ಕರ್ಚೀಫು ತಗಂಡ್ ಹೋಗೇ, ಒಂದು ಸಾಲಲ್ಲ ನಿಂಗೆ," ಎಂದು ನಕ್ಕ. ನಾನೂ ನಕ್ಕೆ. ಅಪ್ಪ ನನ್ನನ್ನು ದೊಡ್ಡವಳೆಂದು ಎಣಿಸಿ ತೀರ್ಮಾನ ನನಗೇ ಬಿಟ್ಟನಲ್ಲ ಎಂಬ ಹೆಮ್ಮೆ ನನಗೆ.

ಚಿತ್ರ ನೋಡಿ ಬಂದ ಸಂಜೆ ನಾನೇ ಹೋಗಿ ಟ್ರಂಕನ್ನು ಮಂಚದ ಕೆಳಕ್ಕೆ ತಳ್ಳಿದೆ. ಯಾರೂ ಬಲವಂತ ಮಾಡಲಿಲ್ಲ. ಅಪ್ಪ ಎಲ್ಲರೆದುರು, "ಆ ಹುಡುಗಿಗಿದ್ದ ಬುದ್ಧಿ ನನ್ನ ಮಗಳಿಗೂ ಐತೆ," ಎಂದ.

ಆ ಚಿತ್ರ ನಮ್ಮೂರಿಗೆ ವರ್ಷ ವರ್ಷವೂ ಬರುತ್ತಿತ್ತು, ಪ್ರತಿ ಸಲವೂ ಟಾಕೀಸು ತುಂಬುತ್ತಿತ್ತು. ನಾನೂ ತಪ್ಪಿಸಲಿಲ್ಲ. ಮೊದಮೊದಲು ಕೆಂಪಿಯೊಬ್ಬಳೇ ಕಾಣುತ್ತಿದ್ದಳು. ಮದುವೆಯ ಮಾತುಗಳು ಬಂದು ಮುರಿದುಬಿದ್ದ ವರ್ಷಗಳಲ್ಲಿ ಆ ಗೆಳತಿ ಕಂಡಳು. ತವರಿಗೆ ಬಂದಾಗ ಅವಳು ಕೆಂಪಿಯ ಪುಸ್ತಕವನ್ನು ಮುಟ್ಟಿ ಕೈ ಹಿಂದೆ ತೆಗೆಯುವುದನ್ನು ಅದುವರೆಗೆ ನಾನು ಗಮನಿಸಿರಲೇ ಇಲ್ಲ. ಅಪ್ಪ ಹಾಸಿಗೆ ಹಿಡಿದ ಮೇಲೆ ತಾಯಿ ಕಂಡಳು, ಎಲೆ ಹಚ್ಚುವ ಅವಳ ಬೆರಳುಗಳು ಕಂಡವು. ಚಿತ್ರ ಅದೇ, ಕೂತವಳು ಮಾತ್ರ ಬೇರೆ. ಹೋಗದೆ ಉಳಿದ ನನ್ನ ಬದುಕಿಗೆ ಒಬ್ಬಳು ಜೊತೆಯಿದ್ದಾಳೆ, ಅವಳೂ ಉಳಿದವಳೇ ಎಂಬ ಸಮಾಧಾನಕ್ಕೆ ನಾನು ಹೋಗುತ್ತಿದ್ದೆನೇನೋ. ಪರದೆ ಇಳಿಯುವಾಗ ಪ್ರತಿ ಸಲವೂ ಸರಿಯಾದದ್ದನ್ನೇ ಮಾಡಿದೆ ಎಂದುಕೊಳ್ಳುತ್ತಿದ್ದೆ.

ಅಪ್ಪ ಹೋದ. ಭಟ್ಟಿ ಅಣ್ಣನ ಕೈಗೆ ಹೋಯಿತು, ಜರಡಿ ಅತ್ತಿಗೆಯ ಕೈಗೆ. ನಾನು ಹೊಲಿಗೆ ಯಂತ್ರ ಇಟ್ಟುಕೊಂಡು ಅವ್ವನ ಜೊತೆ ಪಕ್ಕದ ಬೀದಿಯಲ್ಲಿ ಮನೆ ಮಾಡಿದೆ. ಟಾಕೀಸು ಮುಚ್ಚಿ ಅದರಲ್ಲಿ ಮೆಕ್ಕೆಜೋಳದ ಮೂಟೆಗಳನ್ನು ಇಡತೊಡಗಿದರು. ಆ ಕಾಲಕ್ಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಂಡಸರು ಹೆಂಗಸರೆನ್ನದೆ ದೊಡ್ಡವರಿಗಾಗಿ ಸಂಜೆ ತರಗತಿ ಶುರುವಾಯಿತು. ತಲೆ ನೆರೆಯತೊಡಗಿದವಳು ಹೋಗಿ ಮಕ್ಕಳ ಬೆಂಚಿನ ಮೇಲೆ ಕೂತೆ.

ವಿಮಲಾಕ್ಷಿ ಮೇಡಂ ನಮಗೆ ಕನ್ನಡ ಹೇಳುತ್ತಿದ್ದರು. ಒಂದು ವಾರ ಪ್ರಬಂಧಕ್ಕೆ ಅವರು ಕೊಟ್ಟ ವಿಷಯ, ಹಳೆಯ ಸಿನಿಮಾ ಒಂದು ಮನಸ್ಸಿನಲ್ಲಿ ಏಕೆ ಉಳಿಯುತ್ತದೆ ಎಂಬುದು. ಬೇರೆ ವಿಷಯವಾಗಿದ್ದರೆ ನಾನು ಹಿಂದಿನ ಬೆಂಚಿನಲ್ಲಿ ಅವಿತು ಕೂರುತ್ತಿದ್ದೆ. ಇದನ್ನು ಬರೆದು, ಅಳಿಸಿ, ಮತ್ತೆ ಬರೆದು, ಎದ್ದು ನಿಂತು ಓದಿದೆ. ಕೊನೆಗೆ ಕೆಂಪಿ ಮನೆಗೆ ಮರಳಿ ಒಲೆ ಹೊತ್ತಿಸುವಲ್ಲಿಗೆ ಬಂದು ನಿಲ್ಲಿಸಿದೆ.

"ಮುಂದಕ್ಕೆ ಓದಿ ಅಕ್ಕ," ಅಂದ ಎಣ್ಣೆ ಗಾಣದಲ್ಲಿ ಕೆಲಸ ಮಾಡುವ ಹಾಲೇಶಪ್ಪ.

"ಅಷ್ಟೇ."

"ಅಷ್ಟೇನಾ? ದೋಣಿ ಎಲ್ಲಿಗೆ ಹೋತು?"

ಹೂ ಮಾರುವ ನೀಲವ್ವ ತಿರುಗಿ ಕೂತಳು. "ಯಾವ ದೋಣಿನೋ? ಹತ್ತದೇ ವಾಪಸ್ ಬರ್ತಾಳಲ್ಲ ಹುಡುಗಿ."

"ಮಾರನೇ ಬೆಳಿಗ್ಗೆ ಹತ್ತುತಾಳಲ್ಲ."

"ನಾನು ವರ್ಷಾ ವರ್ಷಾ ನೋಡೀನಿ ಹಾಲೇಶಿ."

"ನಾನೂ ವರ್ಷಾ ವರ್ಷಾ ನೋಡೀನಿ ನೀಲವ್ವ."

"ನಿದ್ದೆ ಮಾಡಿರ್ತೀಯ. ಕನಸು ಬಿದ್ದಿರ್ಬೇಕು."

ತರಗತಿ ನಕ್ಕಿತು. ಅಷ್ಟರಲ್ಲಿ ಹಿಂದಿನ ಬೆಂಚಿನ ಕಮ್ಮಾರ, "ಅವ್ನು ಹೇಳೋದು ಖರೆ ಐತೆ, ಕೊನೆಗೆ ದೋಣಿ ಹೋಗ್ತದೆ," ಅಂದ. ಅವನ ಪಕ್ಕದವನೂ ತಲೆಯಾಡಿಸಿದ. ಅಲ್ಲಿದ್ದ ಗಂಡಸರೆಲ್ಲ ದೋಣಿಯನ್ನು ಕಂಡಿದ್ದರು. ಹೆಂಗಸರಲ್ಲಿ ಒಬ್ಬಳೂ ಕಂಡಿರಲಿಲ್ಲ. ನಗು ತಾನಾಗಿ ನಿಂತಿತು.

ಹಾಲೇಶಪ್ಪ ದನಿ ತಗ್ಗಿಸಿ ಹೇಳಿದ, "ನಿಮ್ಮ ಆಟಾನ ನಲ್ಲಿ ನೀರಿಗೆ ಬಿಡ್ತಿದ್ರಲ್ಲ ಅಕ್ಕ. ಕೊನೇ ರೀಲು ಹಾಕ್ತಿರಲಿಲ್ಲ ಅನ್ಸುತ್ತೆ. ಒಲೆ ಹೊತ್ತಿಸೋ ಹೊತ್ತಿಗೆ ಕತೆ ಮುಗಿದಂಗೇ ಇರ್ತದಲ್ಲ."

"ನಮ್ಮ ಯಜಮಾನ್ರು ಸಂಜಿ ಆಟಕ್ಕೆ ಹೋಗ್ತಿದ್ರು," ಎಂದಳು ನೀಲವ್ವ. "ಇಡೀ ವಾರ ಆ ಪಿಕ್ಚರ್ ಮಾತೇ ಆಡ್ತಿದ್ವಿ. ಒಂದಿನಾನೂ ಬಾಯಿ ಬಿಡಲಿಲ್ಲ ಆ ಮನುಷ್ಯ."

ನಾನು ಕೂತೆನೋ ನಿಂತೇ ಇದ್ದೆನೋ ನೆನಪಿಲ್ಲ. ಕಣ್ಣ ಮುಂದೆ ಆ ಕುಂಕುಮದ ಬಣ್ಣದ ಪರದೆ ಇಳಿದಿತ್ತು, ಅದರ ಹಿಂದೆ ಒಬ್ಬಳು ಒಲೆಯ ಮುಂದಿನಿಂದ ಏಳುತ್ತಿದ್ದಳು. ನಾನು ಜೊತೆಯೆಂದು ನಂಬಿದ್ದವಳು ಯಾವತ್ತೋ ಹೊಳೆ ದಾಟಿದ್ದಳು.

ಮಾರನೆಯ ದಿನ ಭಟ್ಟಿಗೆ ಹೋದೆ. ಅಣ್ಣ ಅಕ್ಕಿಗೆ ಉಪ್ಪುನೀರು ಹಾಕಿ ಕಲೆಸುತ್ತಿದ್ದ.

"ಅಣ್ಣಾ, ಕೆಂಪಿ ಪಿಕ್ಚರ್‌ನಲ್ಲಿ ಕೊನೆಗೆ ಏನಾಗ್ತದೆ?"

"ಇದೇನೇ, ಇಷ್ಟು ವರ್ಷದ ಮ್ಯಾಲೆ." ಅವನ ಕೈ ನಿಂತಿತು. "ಯಾರು ಹೇಳಿದ್ರು?"

ಅವನು ಕೇಳಿದ ಆ ಪ್ರಶ್ನೆಯಲ್ಲೇ ಉತ್ತರವಿತ್ತು. ಆದರೂ ಕೇಳಿದೆ. "ನೀನು ಯಾವಾಗ ನೋಡಿದ್ದೆ?"

"ಅಪ್ಪ ಕರ್ಕೊಂಡು ಹೋಗಿದ್ದ. ನೋಡ್ಕೊಂಡ್ ಬಾ ಅಂತ ನಿಂಗೆ ಅಂದ್ನಲ್ಲ, ಅದರ ಹಿಂದಿನ ದಿನ. ಮುಗಿಸಿ ಬರೋವಾಗ ದಾರಿಯಾಗೆ ಅಪ್ಪ ಅಂದ, ಹೆಂಗಸ್ರ ಆಟದಾಗೆ ಹುಡುಗಿ ಮನೇಲೇ ಉಳೀತಾಳಂತೆ, ಟಾಕೀಸಿನೋರು ಹೇಳಿದ್ರು ಅಂತ."

"ಅದಕ್ಕೇ ಕಳಿಸಿದ್ನಾ ನನ್ನ?"

ಅಣ್ಣ ಅಕ್ಕಿಯನ್ನೇ ನೋಡುತ್ತಿದ್ದ. "ಅಪ್ಪಗೆ ನೀನಂದ್ರೆ ಪ್ರಾಣ ಕಣೆ. ಹೋಗಬ್ಯಾಡ ಅನ್ನೋಕೆ ಬಾಯಿ ಬರಲಿಲ್ಲ ಅವನಿಗೆ. ಮತ್ತೆ ನೀನು ಹೋಗಿದ್ರೆ ಜರಡಿ ಹಿಡಿಯೋರು ಯಾರು? ನನಗಿನ್ನೂ ಮದುವೆ ಆಗಿರಲಿಲ್ಲ." ಮತ್ತೆ ಅಕ್ಕಿ ಕಲೆಸತೊಡಗಿ, "ಪಿಕ್ಚರು ಪಿಕ್ಚರೇ ಅಲ್ವಾ. ಅದನ್ನ ನೋಡಿ ಯಾರಾದ್ರೂ ಟ್ರಂಕು ಒಳಗಿಡ್ತಾರಾ?" ಎಂದು ನಗಲು ನೋಡಿದ. ನಾನು ನಗಲಿಲ್ಲ. ಅವನ ನಗುವೂ ಪೂರ್ತಿಯಾಗಲಿಲ್ಲ.

ಬೇಡವೆಂದು ಬೈದಿದ್ದರೆ ಅಪ್ಪನ ಜೊತೆ ಜಗಳವಾಡುತ್ತಿದ್ದೆ, ಸೋಲುತ್ತಿದ್ದೆನೋ ಗೆಲ್ಲುತ್ತಿದ್ದೆನೋ. ಅವನು ನನ್ನ ಕೈಯಿಂದಲೇ ನನ್ನ ಬಾಗಿಲು ಹಾಕಿಸಿದ. ಅಷ್ಟು ವರ್ಷ ಆ ಬಾಗಿಲಿಗೆ ನಾನು ಹೂ ಮುಡಿಸುತ್ತಿದ್ದೆ. ಇದನ್ನು ಬರೆಯುವಾಗಲೂ ಹೆತ್ತವನ ಬಗ್ಗೆ ಹೀಗೆ ಅನ್ನಬಹುದೇ ಎಂದು ಕೈ ತಡೆಯುತ್ತದೆ. ಆದರೆ ಬೇರೆ ಮಾತು ಸಿಗುತ್ತಿಲ್ಲ.

ಅವ್ವನಿಗೆ ನಾನು ಏನೂ ಹೇಳಲಿಲ್ಲ. ಅವಳೂ ನನ್ನಂತೆಯೇ ಮೋಸಹೋದವಳು, ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಆ ಒಲೆಯ ಬೆಳಕಿಗೆ ಕಣ್ಣು ಒರೆಸಿಕೊಂಡವಳು ಎಂದು ಅವಳ ಮೇಲೆ ಕರುಣೆಯಿತ್ತು. ವಿಮಲಾಕ್ಷಿ ಮೇಡಂ ಎಲ್ಲಿಂದಲೋ ಚಿತ್ರದ ಪೂರ್ತಿ ಪ್ರತಿಯನ್ನು ತರಿಸಿ ಶಾಲೆಯ ಹಜಾರದಲ್ಲಿ ತೋರಿಸುವ ಏರ್ಪಾಡು ಮಾಡಿದಾಗ, ಕೈ ಹಿಡಿದು ಅವಳನ್ನು ಕರೆದುಕೊಂಡು ಹೋದೆ. ಅವಳ ಮುಖ ಬದಲಾಗುವುದನ್ನು ನೋಡಬೇಕೆಂದಿತ್ತು ನನಗೆ. ಮೋಸಹೋದವರು ಇಬ್ಬರಾದರೆ ಭಾರ ಹಗುರಾಗುತ್ತದೆಂದು ಆಸೆ.

ಗೋಡೆಗೆ ಬಿಳಿ ಪಂಚೆ ಕಟ್ಟಿದ್ದರು. ನೀಲವ್ವನೂ ಬಂದಿದ್ದಳು, ನಮ್ಮ ಬೀದಿಯ ಎಷ್ಟೋ ಹೆಂಗಸರು ಬಂದಿದ್ದರು. ಕೆಂಪಿ ಮರ ಹತ್ತಿದಳು, ಈಜಿದಳು, ದೋಣಿಯ ಬಳಿ ನಿಂತಳು, ಮರಳಿದಳು. ಬಾಗಿಲು ಹಾಕಿ ಒಲೆಯ ಮುಂದೆ ಕೂತು ಊದತೊಡಗಿದಳು. ಬೆಂಕಿ ಹತ್ತಿ ಅವಳ ಮುಖ ಬೆಳಗಿತು. ತಾಯಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟಳು. ಆಗ ಅವ್ವ, ನನಗೂ ಅಲ್ಲ, ಯಾರಿಗೂ ಅಲ್ಲ ಎಂಬಂತೆ, ಮೆಲ್ಲಗೆ ಅಂದಳು:

"ಹೋಗ್ತಾಳೆ ಈಗ."

ನಾನು ತೆರೆಯನ್ನು ಬಿಟ್ಟು ಅವಳ ಕಡೆ ತಿರುಗಿದೆ. ಆದ್ದರಿಂದ ಅಷ್ಟು ವರ್ಷ ಕಾಣದಿದ್ದ ಆ ಕೊನೆಯ ರೀಲಿನ ಶುರು ನನಗೆ ಅವತ್ತೂ ಕಾಣಲಿಲ್ಲ. ಮತ್ತೆ ತೆರೆಯತ್ತ ನೋಡುವಾಗ ಬೆಳಗಾಗಿತ್ತು. ಕೆಂಪಿ ಗಂಟು ಹಿಡಿದು ನಿಂತಿದ್ದಳು. ಬಾಗಿಲ ಚಿಲಕ ತೆಗೆದವಳು ತಾಯಿ. ತೆಗೆದು, ಪಕ್ಕಕ್ಕೆ ಸರಿದು, ಮಗಳಿಗೆ ದಾರಿ ಬಿಟ್ಟಳು. ದೋಣಿ ಹೊರಟಿತು. ಅದು ಆಚೆ ದಡ ಮುಟ್ಟುವ ಮೊದಲೇ ಚಿತ್ರ ಮುಗಿಯಿತು. ಹೆಂಗಸರು ಬಹಳ ಹೊತ್ತು ಕೂತೇ ಇದ್ದರು.

ಹೊರಗೆ ಬಂದ ಮೇಲೆ ಕೇಳಿದೆ. "ಅವ್ವಾ, ನಿಂಗೆ ಹೆಂಗೆ ಗೊತ್ತಾತು ಅವಳು ಹೋಗ್ತಾಳೆ ಅಂತ?"

"ಮುಖ ನೋಡಿದ್ರೆ ಗೊತ್ತಾಗಲ್ವೇನೆ? ಅದೇನು ಉಳಿಯೋಳ ಮುಖಾನಾ?"

"ಮೊದಲು ನೋಡ್ದಾಗಲೂ ಹಂಗೇ ಅನ್ಸಿತ್ತಾ?"

ಅವ್ವ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ನೀನು ಅವಳ ಮುಖಾನೇ ನೋಡ್ತಿದ್ದೆ ಅಂದ್ಕಂಡಿದ್ದೆ ನಾನು," ಎಂದು ಮುಂದೆ ನಡೆದಳು.

ಆ ಮುಖವನ್ನು ನಾನೂ ಅಷ್ಟೇ ವರ್ಷ ನೋಡಿದ್ದೆನಲ್ಲ. ಅದರಲ್ಲಿ ಉಳಿಯುವವಳನ್ನೇ ಕಂಡೆ, ಏಕೆಂದರೆ ಉಳಿದವಳು ನಾನು. ಅಥವಾ ಇದೂ ನನ್ನ ತಪ್ಪು ಲೆಕ್ಕವೇ? ಅವ್ವನ ತವರೂರಿನಲ್ಲೂ ಒಂದು ಟಾಕೀಸಿತ್ತು. ಅಲ್ಲಿ ನಲ್ಲಿ ಇರಲಿಲ್ಲ, ಬಾವಿಯಿಂದ ನೀರು ಸೇದುತ್ತಿದ್ದರು, ಬೇಕಾದ ಹೊತ್ತಿಗೆ. ಅಲ್ಲಿ ಹೆಂಗಸರ ಆಟವನ್ನು ಅರ್ಧಕ್ಕೆ ಬಿಡುವ ಕಾರಣವೇ ಇರಲಿಲ್ಲ. ಅವಳು ಎಂದೋ ಅಲ್ಲಿ ಈ ಚಿತ್ರವನ್ನು ಪೂರ್ತಿ ನೋಡಿದ್ದಳೇ? ಚಿಲಕ ತೆಗೆಯುವ ತಾಯಿಯನ್ನು ನೋಡಿದವಳೇ ನನ್ನ ಬಟ್ಟೆ ಮಡಿಸಿ, ಟ್ರಂಕಿನ ಪಕ್ಕಕ್ಕಿಟ್ಟು, ಅಪ್ಪನ ಮಾತಿಗೆ ಒಪ್ಪಿ ನನ್ನ ಜೊತೆ ಟಾಕೀಸಿಗೆ ನಡೆದಳೇ? ಇಲ್ಲ, ಮುಖವನ್ನು ನೋಡಿಯೇ ತಿಳಿದಿದ್ದಳೇ? ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೆಂದೂ ನಂಬಿಕೆಯಿಲ್ಲ.

ಅವತ್ತು ಅವಳು ನನ್ನ ಕೈ ಹಿಡಿಯದೆ, ಬೀದಿದೀಪಗಳು ಆಗತಾನೇ ಹೊತ್ತಿಕೊಂಡಿದ್ದ ದಾರಿಯಲ್ಲಿ, ನೋಯುವ ಮಂಡಿಯಲ್ಲೇ ನನಗಿಂತ ಬೇಗ ನಡೆದು ಹೋದಳು. ಅವಳ ಮುಖ ಆಗ ಹೇಗಿತ್ತೋ ನನಗೆ ಗೊತ್ತಿಲ್ಲ.