ಹಿತ್ತಲ ಕೋಣೆಗೊಂದು ಕಕ್ಕಸು

ಮೂವರು ಗಂಡಸರು ಉಚ್ಚೆಗೆ ಎಲ್ಲಿಗೆ ಹೋಗಬೇಕು ಎಂಬ ಗಹನವಾದ ಪ್ರಶ್ನೆಯನ್ನು ಇತ್ಯರ್ಥಪಡಿಸಲು ಜನವರಿಯ ಎರಡನೆಯ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆಶ್‌ಕೂಂ ಅವರ ಹಿತ್ತಲಿನಲ್ಲಿ ಸಭೆ ಸೇರಿತು. ಅಧ್ಯಕ್ಷತೆ ಮನೆಯೊಡತಿ ಫೆನೆಲಾ ಆಶ್‌ಕೂಂ ಅವರದು. ನಮ್ಮ ಮಾಲೀಕ ರಸೆಲ್ ಕಾರ್ಯದರ್ಶಿ. ಮೂತ್ರಕೋಶಗಳ ಪರವಾಗಿ ನಾವು ಮೂವರು, ಹಸಿರು ಮಳೆಯಂಗಿಯ ತಲೆಗವಚ ಎಳೆದುಕೊಂಡು, ಕೆಸರಿನಲ್ಲಿ ನಿಂತಿದ್ದೆವು.

"ಮನೆಯೊಳಗಿನದು ಬೇಡ," ಎಂದರು ಅಧ್ಯಕ್ಷರು. "ಓಕ್ ಮರದ ನೆಲ, ಈಗಷ್ಟೇ ಹಾಕಿಸಿದ್ದು."

"ಬೂಟ್ ಬಿಚ್ಚಿಟ್ಟು ಬತ್ತೀವಿ ಮೇಡಂ," ಎಂದ ನಮ್ಮ ಬಡಗಿ ಡೆಸ್.

"ಅದು ಬರೀ ಬೂಟಿನ ವಿಷಯ ಅಲ್ಲ." ಆಕೆ ನಕ್ಕರು. ಕೆಟ್ಟ ನಗುವೇನಲ್ಲ. "ನಿಮಗೇ ಮುಜುಗರ ಆಗುತ್ತೆ ಅಂತ."

ನಮಗೆ ಮುಜುಗರವಿಲ್ಲ ಎಂದು ಹೇಳುವುದು ಅಧಿಕಪ್ರಸಂಗವಾಗುತ್ತಿತ್ತು. ಹಾಗಾದರೆ ಬಾಡಿಗೆಯ ಪ್ಲಾಸ್ಟಿಕ್ ಕಕ್ಕಸು ತರಿಸಬಹುದಲ್ಲ ಎಂದು ವಿದಾಸ್ ಕೇಳಿದ. ಅವನು ಲಿಥುವೇನಿಯಾದವನು, ಚಾವಣಿ ಕೆಲಸದವನು, ಆರೂವರೆ ಅಡಿ ಆಳು. ಆ ನೀಲಿ ಡಬ್ಬ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ ಎಂದರು ಆಕೆ. ಕಾಣುತ್ತದೆ ಎಂದ ರಸೆಲ್. ಕೊನೆಗೆ ರಸ್ತೆಯ ತುದಿಯ ಪೆಟ್ರೋಲ್ ಬಂಕಿಗೆ ದಿನಕ್ಕೆ ಎರಡು ಸಲ ಹೋಗಿ ಬರಬಹುದೆಂದು ಸರ್ವಾನುಮತದಿಂದ ನಿರ್ಣಯವಾಯಿತು. ಹೋಗಲು ಹನ್ನೆರಡು ನಿಮಿಷ, ಬರಲು ಹನ್ನೆರಡು.

ನಾವು ಕಟ್ಟಲು ಬಂದದ್ದು ಹಿತ್ತಲ ಕೋಣೆ. ಇಂಗ್ಲೆಂಡಿನ ಕೆಂಟ್ ಸೀಮೆಯ ಈ ಭಾಗದಲ್ಲಿ ಹುಲ್ಲುಹಾಸಿನ ಕೊನೆಗೊಂದು ಕೋಣೆ ಇಲ್ಲದ ಮನೆ ಈಗ ಮನೆಯೇ ಅಲ್ಲ. ಕೆಲವರು ಅಲ್ಲಿ ಆಫೀಸು ನಡೆಸುತ್ತಾರೆ, ಕೆಲವರು ತಲೆಕೆಳಗಾಗಿ ನಿಂತು ಯೋಗ ಮಾಡುತ್ತಾರೆ. ಫೆನೆಲಾ ಆಶ್‌ಕೂಂ ಅವರ ಅಗತ್ಯ ಸರಳವಾಗಿತ್ತು: ಅತ್ತೆಯನ್ನು ಮನೆಯಿಂದ ಹೊರಗಿಡಬೇಕು, ಆದರೆ ಬೆಚ್ಚಗಿಡಬೇಕು. ಮನುಷ್ಯರು ಮಲಗುವ ಜಾಗ ಎಂದಮೇಲೆ ವಾಸದ ಮನೆಯ ಕಾನೂನೆಲ್ಲ ಅದಕ್ಕೂ ಲಾಗೂ. ಅಂಗೈಯಗಲ ದಪ್ಪದ ಗಟ್ಟಿ ಫೋಮ್ ಹಲಗೆಯನ್ನು ನೆಲಕ್ಕೆ, ಗೋಡೆಗೆ, ಮಾಡಿಗೆ ತುಂಬಿ, ಪ್ರತಿಯೊಂದು ಸಂದಿಗೂ ಬೆಳ್ಳಿ ಬಣ್ಣದ ಟೇಪು ಅಂಟಿಸಬೇಕು. ಕಿಟಕಿಗೆ ಮೂರು ಪದರ ಗಾಜು. ಹೊರಗೆ ಇಪ್ಪತ್ತೈದು ವರ್ಷ ಬಣ್ಣ ಕೇಳದ ಹಲಗೆ. ಮೂಲೆಯಲ್ಲಿ ಗಾಲಿಕುರ್ಚಿ ತಿರುಗುವಷ್ಟು ಅಗಲದ ಕಕ್ಕಸು, ಅತ್ತೆಯ ಕಾಲಿಗೆ ಹಿತವಾಗಲೆಂದು ಅದರ ನೆಲದಡಿಯಲ್ಲಿ ಬಿಸಿ ತಂತಿ.

ಆ ಟೇಪು ಅಂಟಿಸುವವನು ನಾನು, ಕೆಲ್ವಿನ್. ಊಟದ ಹೊತ್ತಿನಲ್ಲಿ ಲೈಬ್ರರಿ ಪುಸ್ತಕ ಓದುತ್ತೇನೆಂದು ರಸೆಲ್ ನನ್ನನ್ನು ಮೇಷ್ಟ್ರೇ ಎನ್ನುತ್ತಾನೆ. ಮಾರ್ಚ್‌ನಿಂದ ನೀನೇ ತಂಡದ ಮುಖ್ಯಸ್ಥ, ವ್ಯಾನು ಮನೆಗೆ ಒಯ್ಯಿ ಎಂದೂ ಹೇಳಿದ್ದ.

ಡೆಸ್ ಪ್ಲಕ್‌ರೋಸ್‌ಗೆ ಅರವತ್ತನಾಲ್ಕು. ಪಿಂಚಣಿಗೆ ಇನ್ನೆರಡು ವರ್ಷ ಬಾಕಿ, ಪ್ರಾಸ್ಟೇಟ್ ಕೆಟ್ಟಿತ್ತು. ನಲವತ್ತು ನಿಮಿಷಕ್ಕೊಮ್ಮೆ ಹೋಗಲೇಬೇಕು. ದಿನಕ್ಕೆರಡು ಸಲದ ನಿರ್ಣಯ ಅವನ ಮೂತ್ರಕೋಶಕ್ಕೆ ತಲುಪಿರಲಿಲ್ಲ. ಅವನು ವ್ಯಾನಿನ ಹಿಂಬಾಗಿಲು ಎಳೆದುಕೊಂಡು ಎರಡು ಲೀಟರಿನ ಹಾಲಿನ ಕ್ಯಾನಿಗೆ ಹೊಯ್ದು ಬರುತ್ತಿದ್ದ.

"ಏನ್ ಡೆಸ್, ಡೈರಿ ತುಂಬ್ತಾ?" ಎನ್ನುತ್ತಿದ್ದ ವಿದಾಸ್.

"ನಿನ್ ಪಾಲಿಂದು ಎತ್ತಿಟ್ಟಿವ್ನಿ ಬಾರ್ಲಾ, ಟೀಗೆ ಆಯ್ತದೆ."

ಟೀ ಹನ್ನೊಂದು ಗಂಟೆಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಬರುತ್ತಿತ್ತು. ನಮ್ಮ ಮಗ್ಗುಗಳು ಬೇರೆ ಇದ್ದವು, ಗ್ಯಾರೇಜಿನ ಗೂಡಿನಲ್ಲಿ, ಬಣ್ಣದ ಡಬ್ಬಗಳ ಪಕ್ಕ. ಒಂದಕ್ಕೆ ಹಿಡಿ ಇರಲಿಲ್ಲ. ಕುಡಿದಾದ ಮೇಲೆ ಹೊರಗಿನ ನಲ್ಲಿಯಲ್ಲಿ ನಾವೇ ತೊಳೆದಿಡಬೇಕು. ಇದು ಎಲ್ಲ ಕಡೆಯೂ ಹೀಗೆಯೇ. ಇದರ ಬಗ್ಗೆ ನಾವು ಯಾವತ್ತೂ ಮಾತಾಡಿದವರಲ್ಲ.

ಫೆಬ್ರವರಿಯ ಒಂದು ಮಂಗಳವಾರ, ಜಡಿಮಳೆಯಲ್ಲಿ, ಫೋಮ್ ಹಲಗೆ ಇಳಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆಯೇ ಒಂದು ಸಲ ಬಂಕಿಗೆ ಹೋಗಿ ಬಂದಿದ್ದೆ. ಲಾರೆಲ್ ಗಿಡಗಳ ಬೇಲಿಯ ಹಿಂದೆ ಹೋಗಿ, ತಲೆಗವಚ ಮುಂದಕ್ಕೆಳೆದುಕೊಂಡು, ಕೆಲಸ ಮುಗಿಸಿ ಬಂದೆ. ಮಳೆಯಲ್ಲಿ ಮಳೆ ಸೇರಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಆಕೆ ಫೋನನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು. ಹಿಂದೆ ರಸೆಲ್.

"ಬೇಲಿಯಡಿ ನರಿ ಬಿಲ ಮಾಡಿದೆ. ಅದಕ್ಕೇ ಒಂದು ಕ್ಯಾಮೆರಾ ಇಟ್ಟಿದ್ದೇವೆ," ಎಂದರು. "ತಿಂಡಿ ತಿನ್ನುತ್ತಾ ಮಕ್ಕಳು ದಿನಾ ನೋಡುತ್ತಾರೆ. ಇವತ್ತು ಅವರು ನೋಡಿದ್ದು ಇದು."

ಹಸಿರು ಮಳೆಯಂಗಿ, ತಲೆಗವಚ, ಬೆನ್ನ ಮೇಲೆ ಕಂಪನಿಯ ಹೆಸರು. ಹನ್ನೊಂದು ಸೆಕೆಂಡು. ಕಡೆಯಲ್ಲೊಮ್ಮೆ ಕೊಡವಿಕೊಂಡದ್ದು. ಮುಖ ಇಲ್ಲ.

"ಯಾವನ್ಲಾ ಇದು?" ಎಂದ ರಸೆಲ್.

ವಿದಾಸ್‌ನ ಎತ್ತರವೇ ಅವನ ಪರ ವಕಾಲತ್ತು ವಹಿಸಿತು. ಇನ್ನುಳಿದವರು ಇಬ್ಬರು. ರಸೆಲ್ ನನ್ನ ಕಡೆ ನೋಡಲೇ ಇಲ್ಲ.

"ಡೆಸ್."

"ನಾನಲ್ಲ ರಸೆಲ್."

"ಇನ್ಯಾರು, ನರಿಯಪ್ಪನಾ? ಗಂಟೆಗೆ ಎರಡು ಕಿತ ಕ್ಯಾನ್ ತುಂಬ್ಸೋನು ನೀನೊಬ್ನೆ."

"ಕ್ಯಾನಿಗೆ ಉಯ್ತೀನಿ ಕಣಯ್ಯಾ, ಊರಿಗೆಲ್ಲ ಗೊತ್ತು. ಕ್ಯಾನ್ ಇರೋನು ಮಳೇಲಿ ಬೇಲಿಗ್ಯಾಕೆ ಹೋಗ್ಲಿ?"

"ಬಡ್ಡೀಮಗ್ನೆ, ಇನ್ನೊಂದ್ ಮಾತಾಡು, ಈಗ್ಲೇ ಉಳಿ ಸುತ್ತಿಗೆ ಕಟ್ಕೊಂಡು ಹೊರಡೀವಂತೆ. ಪಿಂಚಣಿ ಬರೋಗಂಟ ಪಾರ್ಕಲ್ಲಿ ಬಾತುಕೋಳಿಗೆ ಬ್ರೆಡ್ ಹಾಕು. ಮೇಡಂಗೆ ತಪ್ಪಾಯ್ತು ಅನ್ನು."

ನನ್ನ ಕೈಯಲ್ಲಿ ಟೇಪಿನ ಸುರುಳಿ ಇತ್ತು. ಅದರ ತುದಿ ಎಲ್ಲಿದೆ ಎಂದು ಉಗುರಿನಿಂದ ಕೆರೆದು ಹುಡುಕುತ್ತಿದ್ದೆ. ನಾನು ಎಂಬ ಎರಡಕ್ಷರ ಹೇಳಲು ಹನ್ನೊಂದು ಸೆಕೆಂಡು ಬೇಕಾಗಿಲ್ಲ. ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ನನಗೆ ಸಿಕ್ಕಿತು. ಡೆಸ್ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ಆಮೇಲೆ ಆಕೆಯ ಕಡೆ ತಿರುಗಿದ.

"ತಪ್ಪಾಯ್ತು ಮೇಡಂ."

"ಕ್ಷಮಿಸುವುದೇನೂ ದೊಡ್ಡದಲ್ಲ," ಎಂದರು ಆಕೆ. "ಆದರೆ ಆ ಗಿಡ ಮಕ್ಕಳು ಮುಟ್ಟುವಂಥದ್ದು."

ಬಕೆಟ್ಟು ಬಂತು, ಫಿನಾಯಿಲು ಬಂತು, ಪಾತ್ರೆ ತೊಳೆಯುವ ಹಳದಿ ಕೈಗವಸು ಬಂತು. ಡೆಸ್ ಮಂಡಿಯೂರಿ ಕೂತು ಲಾರೆಲ್ ಎಲೆಗಳನ್ನು ಒಂದೊಂದಾಗಿ ಒರೆಸಿದ. ಎಲೆಯ ಹಿಂಬದಿಯೂ ಆಗಲಿ ಎಂದು ಆಕೆ ಅಡುಗೆಮನೆಯ ಬಾಗಿಲಿನಿಂದ ಕೂಗಿ ಹೇಳಿದರು. ಕಿಟಕಿಯಲ್ಲಿ ಮಕ್ಕಳು ಮೂಗು ಒತ್ತಿ ನಿಂತಿದ್ದವು. ಚಿಕ್ಕವಳು ಕೈ ಬೀಸಿದಳು. ಡೆಸ್ ಹಳದಿ ಕೈಗವಸೆತ್ತಿ ತಿರುಗಿ ಕೈ ಬೀಸಿದ.

ಹನ್ನೊಂದಕ್ಕೆ ಮೆಟ್ಟಿಲ ಮೇಲೆ ಎರಡೇ ಮಗ್ಗು ಬಂದವು. ಯಾರಿಗೆ ಇಲ್ಲ ಎಂದು ಆಕೆ ಹೇಳಿ ಕಳಿಸಿರಲಿಲ್ಲ. ನಾವೇ ತಿಳಿದುಕೊಂಡೆವು. ವಿದಾಸ್ ತನ್ನದನ್ನು ಕೆಸರಿಗೆ ಚೆಲ್ಲಿ, ಮಗ್ಗು ಬೋರಲು ಹಾಕಿ ಹೋದ. ನಾನು ಕುಡಿದೆ. ಟೀ ಚೆನ್ನಾಗಿತ್ತು, ಅದನ್ನೂ ಹೇಳಿಬಿಡಬೇಕು.

ಅಂದಿನಿಂದ ಡೆಸ್ ನೀರು ಕುಡಿಯುವುದನ್ನು ಬಿಟ್ಟ. ಡಾಕ್ಟರು ದಿನಕ್ಕೆ ಎರಡು ಲೀಟರು ಕುಡಿಯಲು ಹೇಳಿದ್ದರು. "ಕುಡುದ್ರಲ್ವಾ ಉಯ್ಯೋದು," ಎನ್ನುತ್ತಿದ್ದ. ರಸೆಲ್ ವ್ಯಾನಿನಿಂದ ಕ್ಯಾನನ್ನೂ ಎಸೆದಿದ್ದ. ಅದೇ ವಾರ ಪ್ಲಂಬರ್ ಬಂದು ಕಕ್ಕಸಿನ ಬೋಗುಣಿ ಕೂರಿಸಿ, ನೀರು ಬಿಟ್ಟು ನೋಡಿ ಹೋದ. ಆಕೆ ಬಂದು ಅದರ ಮುಚ್ಚಳದ ಮೇಲೆ ಅಡ್ಡಕ್ಕೊಂದು ಟೇಪು ಅಂಟಿಸಿ, "ಕೌನ್ಸಿಲ್ಲಿನ ಕಾಗದಪತ್ರ ಕೈಗೆ ಬರೋವರೆಗೂ ಯಾರೂ ಬಳಸೋದು ಬೇಡ," ಎಂದರು. ಟೇಪು ನನ್ನದೇ ಸುರುಳಿಯದು. ಕೇಳಿದರು, ಕೊಟ್ಟೆ.

ಸೋಮವಾರ ಡೆಸ್ ಮತ್ತು ನಾನು ಒಳಮಾಡಿಗೆ ಜಿಪ್ಸಮ್ ಹಲಗೆ ಹೊಡೆಯುತ್ತಿದ್ದೆವು. ಎಂಟಡಿ ಹಲಗೆ. ಇಬ್ಬರೂ ಸ್ಟೂಲಿನ ಮೇಲೆ ನಿಂತು ತಲೆಯ ಮೇಲೆತ್ತಿ ಹಿಡಿದು, ಒಬ್ಬ ಒತ್ತಿ ಹಿಡಿದಿದ್ದರೆ ಇನ್ನೊಬ್ಬ ಸ್ಕ್ರೂ ಬಿಗಿಯಬೇಕು. ನಡುವೆ ಕೈ ಬಿಟ್ಟರೆ ಹಲಗೆ ಮುರಿದು ತಲೆಗೆ ಬೀಳುತ್ತದೆ. ನಾನು ನಾಲ್ಕನೆಯ ಸ್ಕ್ರೂ ಹಾಕುತ್ತಿದ್ದೆ.

"ಬೇಗ ಹೊಡಿ ಮಗಾ," ಎಂದ ಡೆಸ್.

"ಆಯ್ತು ಆಯ್ತು."

"ಬೇಗ ಕಣ್ಲಾ!"

ನಾನು ತಿರುಗಿ ನೋಡಿದೆ. ಅವನ ಎರಡು ಅಂಗೈಯೂ ಮೇಲೆ ಹಲಗೆಗೆ ಒತ್ತಿದ್ದವು. ಕಣ್ಣು ಮುಚ್ಚಿದ್ದ. ಪ್ಯಾಂಟಿನ ಒಳತೊಡೆ ಕಪ್ಪಾಗುತ್ತಾ ಮೊಣಕಾಲಿಗಿಳಿದು, ಬೂಟಿಗಿಳಿದು, ಸ್ಟೂಲಿನಿಂದ ತೊಟ್ಟಿಕ್ಕಿತು. ಮೂರಡಿ ದೂರದಲ್ಲಿ ಕಕ್ಕಸಿನ ಬಾಗಿಲು ತೆರೆದೇ ಇತ್ತು.

"ನೋಡ್ಬ್ಯಾಡ. ಸ್ಕ್ರೂ ಹಾಕು."

ಹಾಕಿದೆ. ಇನ್ನೂ ಹನ್ನೆರಡು ಇದ್ದವು. ಎಲ್ಲವನ್ನೂ ಹಾಕಿದೆ. ಅಷ್ಟೂ ಹೊತ್ತು ಅವನು ಕೈ ಬಿಡಲಿಲ್ಲ. ಇಳಿದವನೇ ತನ್ನ ಉಣ್ಣೆ ಟೋಪಿಯಿಂದ ನೆಲದ ಪ್ಲೈವುಡ್ ಒರೆಸಿದ, ಕಲೆ ಉಳಿಯಬಾರದೆಂದು.

"ಡೆಸ್," ಎಂದೆ. "ಅವತ್ತು ಬೇಲಿ ಹತ್ರ..."

"ಗೊತ್ತು. ನಿಂತ್ಕಂಡಾಗ ನಿನ್ ಎಡಗಾಲು ಸೊಟ್ಟಕ್ ಹೋಗ್ತದೆ. ಫೋನಲ್ ನೋಡ್ದೇಟ್ಗೇ ತಿಳೀತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

"ಈಗ ಹೇಳ್ತೀನಿ. ಈಗ್ಲೇ ಹೋಗಿ ರಸೆಲ್‌ಗೆ ಹೇಳ್ತೀನಿ."

"ಈಗ ಹೇಳುದ್ರೆ ನನ್ ಪ್ಯಾಂಟ್ ಒಣಗ್ತದಾ?" ಟೋಪಿ ಹಿಂಡಿದ. "ನಿನ್ ಮೈ ತೊಳ್ಕೊಳಾಕೆ ನನ್ ಉಚ್ಚೆ ಕೇಳ್ಬ್ಯಾಡ ಮಗಾ. ಆ ಕಡೆ ಹಲಗೆ ಹಿಡಿ."

ಫೆಬ್ರವರಿಯ ಕೊನೆಯ ಶುಕ್ರವಾರ ಕೋಣೆ ಒಪ್ಪಿಸುವ ದಿನ. ಕೌನ್ಸಿಲ್ಲಿನ ಇನ್ಸ್‌ಪೆಕ್ಟರು ಬಂದು ಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ ಒಳಗಿನ ಗಾಳಿ ಎಳೆದು ಪರೀಕ್ಷೆ ಮಾಡಿದರು. ಎಲ್ಲಿಯೂ ಸೋರಲಿಲ್ಲ. ಇಷ್ಟು ಬಿಗಿಯಾದ ಕೋಣೆಯನ್ನು ಈ ವರ್ಷ ನೋಡಿಲ್ಲ ಎಂದರು. ನೆರೆಹೊರೆಯವರು ನಾಲ್ಕಾರು ಮಂದಿ ವೈನಿನ ಗ್ಲಾಸು ಹಿಡಿದು, ಗೋಡೆ ತಟ್ಟಿ, ಎಷ್ಟು ಬೆಚ್ಚಗಿದೆಯಲ್ಲ ಎನ್ನುತ್ತಿದ್ದರು. ಮೇಡಂ ಕಣ್ಣಿಗೆ ಬೀಳಬೇಡ ಎಂದು ರಸೆಲ್ ಡೆಸ್‌ನನ್ನು ವ್ಯಾನಿನಲ್ಲೇ ಕೂರಿಸಿದ್ದ.

"ಸಂದಿ ಮುಚ್ಚಿದ್ದೆಲ್ಲ ನಮ್ ಮೇಷ್ಟ್ರು," ಎಂದು ರಸೆಲ್ ನನ್ನ ಬೆನ್ನು ತಟ್ಟಿದ.

"ಮೇಡಂ," ಎಂದೆ. "ನರಿ ಕ್ಯಾಮೆರಾದಲ್ಲಿ ಇದ್ದದ್ದು ನಾನು. ಡೆಸ್ ಅಲ್ಲ."

ಗ್ಲಾಸುಗಳು ಕೆಳಗಿಳಿದವು. ರಸೆಲ್‌ನ ಕೈ ನನ್ನ ಬೆನ್ನ ಮೇಲೇ ಇತ್ತು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸುತ್ತಿದ್ದರು.

"ನೀವೇ ಅಲ್ಲವಾ ಡೆಸ್?"

"ಅಲ್ಲ. ಕೆಲ್ವಿನ್."

"ಓ." ಸ್ವಲ್ಪ ಯೋಚಿಸಿ, ನಕ್ಕರು. "ಹೋಗಲಿ ಬಿಡಿ. ನಿಮ್ಮಲ್ಲೇ ಯಾರೋ ಒಬ್ಬರು ತಾನೇ. ಎಲೆಗಳನ್ನಂತೂ ಚೆನ್ನಾಗಿ ತೊಳೆದುಕೊಟ್ಟಿರಿ."

ಗ್ಲಾಸುಗಳು ಮತ್ತೆ ಬಾಯಿಗೆ ಹೋದವು. ಹತ್ತು ದಿನ ನಾನು ಎದೆಯಲ್ಲಿ ಕಟ್ಟಿಕೊಂಡು ಓಡಾಡಿದ್ದು ಆಕೆಗೆ ಅರ್ಧ ನಿಮಿಷದ ಮಾತೂ ಆಗಲಿಲ್ಲ.

"ತೆಪ್ಪಗಿರು," ಎಂದು ರಸೆಲ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ನೀ ಹೇಳಿದ್ದು ನಾ ಕೇಳಿಸ್ಕೊಂಡಿಲ್ಲ."

ಆಗ ಗಾಜಿನ ಬಾಗಿಲಾಚೆ ಡೆಸ್ ಕಂಡ. ನಲವತ್ತು ನಿಮಿಷ ಆಗಿರಬೇಕು. ಅಂಚಿನ ಕಲ್ಲುಹಾದಿ ಬಿಟ್ಟು ಹುಲ್ಲುಹಾಸಿನ ನಡುವೆಯೇ ನಡೆದು ಬಂದ, ಕೆಸರು ಬೂಟಿನಲ್ಲಿ, ಬರಿದಲೆಯಲ್ಲಿ. ಒಳಗೆ ಬಂದು ಯಾರನ್ನೂ ನೋಡದೆ ವೈನಿನ ಗ್ಲಾಸುಗಳ ನಡುವೆ ಹಾದ. ಇನ್ಸ್‌ಪೆಕ್ಟರು ತಾವಾಗಿಯೇ ಪಕ್ಕಕ್ಕೆ ಸರಿದರು. ಡೆಸ್ ಕಕ್ಕಸಿನೊಳಗೆ ಹೋಗಿ ಮುಚ್ಚಳದ ಟೇಪನ್ನು ಚರ್ರನೆ ಕಿತ್ತದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಬಾಗಿಲು ಹಾಕಿ ಚಿಲಕ ಹಾಕಿಕೊಂಡ.

ಆ ಗೋಡೆಗಳನ್ನು ನಾವು ಎಷ್ಟು ಚೆನ್ನಾಗಿ ಕಟ್ಟಿದ್ದೆವೆಂದರೆ ಒಳಗಿನ ಸದ್ದು ಒಂದಿಷ್ಟೂ ಹೊರಗೆ ಬರಲಿಲ್ಲ. ಎಲ್ಲರೂ ಕಿವಿಗೊಟ್ಟು ನಿಂತಿದ್ದರು. ಮುದುಕರಿಗೆ ಇದು ಬೇಗ ಆಗುವ ಕೆಲಸವಲ್ಲ. ಒಬ್ಬರ ಕೈಯಲ್ಲಿ ಚೀಸಿನ ತುಂಡು ಬಾಯಿಯ ಹತ್ತಿರವೇ ನಿಂತುಬಿಟ್ಟಿತ್ತು.

"ಯಾರು ಅದು?" ಎಂದರು ಫೆನೆಲಾ ಆಶ್‌ಕೂಂ. "ಅವರನ್ನು ಹೊರಗೆ ಕರೆಯಿರಿ!"

"ಲೇ ಡೆಸ್! ಈಚೆ ಬಾರ್ಲಾ ಸೂಳೇಮಗ್ನೆ!" ರಸೆಲ್ ಮುಷ್ಟಿಯಿಂದ ಬಾಗಿಲು ಗುದ್ದಿದ. ಗಟ್ಟಿ ಬಾಗಿಲು, ಡೆಸ್ ಕೂರಿಸಿದ್ದು. ಅಲ್ಲಾಡಲಿಲ್ಲ.

ನಾಲ್ಕು ನಿಮಿಷವಾದ ಮೇಲೆ ಚಿಲಕ ಸರಿಯಿತು. ಡೆಸ್ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಫೋಟೋ ತೆಗೆಯಲೆಂದು ತೂಗುಹಾಕಿದ್ದ ಬಿಳಿಯ ಟವೆಲು ಅವನ ಕೈಯಲ್ಲಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಮನೆಯೊಡತಿಯ ಕೈಗೆ ಕೊಟ್ಟ. ಆಕೆ ಗಾಬರಿಯಲ್ಲಿ ತೆಗೆದುಕೊಂಡುಬಿಟ್ಟರು.

"ನೀರು ಚೆನ್ನಾಗಿ ಬತ್ತದೆ," ಎಂದ ಇನ್ಸ್‌ಪೆಕ್ಟರಿಗೆ. "ನೆಲಾನೂ ಬೆಚ್ಚಗದೆ. ಬರ್ಕೊಳಿ."

ಇನ್ಸ್‌ಪೆಕ್ಟರು ಬರೆದುಕೊಂಡರು.

ಕೋಣೆ ಪಾಸಾಯಿತು. ಡೆಸ್‌ನನ್ನು ಆ ಮಧ್ಯಾಹ್ನವೇ ಕೆಲಸದಿಂದ ತೆಗೆದರು. ನನ್ನನ್ನು ತೆಗೆಯಲಿಲ್ಲ. ಮಾರ್ಚ್ ಒಂದರಿಂದ ನಾನು ತಂಡದ ಮುಖ್ಯಸ್ಥನಾದೆ.