ಗೋಡೆಯ ಹಿಂದಿನ ವಾಲ್ವ್

ಮುಚ್ಚಳಕ್ಕೆ ನಾಲ್ಕೂ ಕಡೆಯಿಂದ ಕೈ ಬಿದ್ದಾಗ ಅವಳು "ತಡೀರಿ" ಎಂದಳು.

ಎಲ್ಲರೂ ನಿಂತರು. ಅವಳು ಪೆಟ್ಟಿಗೆಯ ಮೇಲೆ ಬಾಗಿ ಗಂಡನ ಅಂಗಿಯ ಕಾಲರ್ ಮುಟ್ಟಿದಳು. ಅದು ಸರಿಯಾಗಿಯೇ ಇತ್ತು. ಅವನಿಗೆ ಹೇಳಬೇಕಾದ ಮಾತು ಬೇರೆಯೇ ಇತ್ತು. ಇಷ್ಟು ಜನರ ನಡುವೆ ಅದನ್ನು ಹೇಳುವಂತಿರಲಿಲ್ಲ.

"ಆಯ್ತಾ ಅತ್ತಿಗೆ?" ಮೈದುನ ಮೆಲ್ಲಗೆ ಕೇಳಿದ.

"ಹೂಂ. ಮುಚ್ಚಿ."

ಮುಚ್ಚಳ ಕೂತಿತು. ಅವನ ಜೊತೆ ಪೈಪ್ ಕೆಲಸ ಮಾಡುತ್ತಿದ್ದವರು ಒಂದೊಂದು ಮೂಲೆಯ ಸ್ಕ್ರೂ ಬಿಗಿ ಮಾಡತೊಡಗಿದರು. ದಪ್ಪ ಹೊಟ್ಟೆಯ ವೆಲ್ಡರ್ ತೋಳಿನಿಂದ ಮೂಗು ಒರೆಸಿಕೊಂಡ. "ಸರಿಯಾಗಿ ಬಿಗಿ ಮಾಡ್ರೋ. ಇಲ್ದಿದ್ರೆ 'ಇನ್ನೊಂದ್ಸಲ' ಎದ್ದು ಬಂದು ತಾನೇ ತಿರುಗಿಸಿ ನೋಡ್ತಾನೆ."

"ಬರ್ಲಿ ಬಿಡು. ಬಂದ್ರೆ ಸಾಕು," ಎಂದ ಇನ್ನೊಬ್ಬ.

ಕೆಲಸದ ಜಾಗದಲ್ಲಿ ಅವನ ಹೆಸರೇ 'ಇನ್ನೊಂದ್ಸಲ' ಎಂದಾಗಿತ್ತು. ಯಾವ ಪೈಪು ಜೋಡಿಸಿದರೂ, ಯಾವ ನಲ್ಲಿ ನಿಲ್ಲಿಸಿದರೂ "ಇನ್ನೊಂದ್ಸಲ ನೋಡ್ಬಿಡ್ತೀನಿ" ಎನ್ನುತ್ತಿದ್ದ. ಎಲ್ಲರೂ ವ್ಯಾನ್ ಹತ್ತಿ ಕೂತ ಮೇಲೆ ಇಳಿದು ಹೋಗಿ ನೋಡಿ ಬರುತ್ತಿದ್ದ. ಪ್ರತಿ ಸಲವೂ ಎಲ್ಲ ಸರಿಯಾಗಿಯೇ ಇರುತ್ತಿತ್ತು.

ಬಾಗಿಲ ಬಳಿ ಮ್ಯೂಸಿಯಂನ ಮೇಡಂ ಫೋನನ್ನು ಕಿವಿಗೊತ್ತಿಕೊಂಡು ನಿಂತಿದ್ದರು. ಅಲ್ಲಿ ತಯಾರಾಗುತ್ತಿದ್ದ ದೊಡ್ಡ ಹವಳದ ಟ್ಯಾಂಕಿನ ಉಸ್ತುವಾರಿ ಅವರದೇ. ಅವರ ದನಿ ತಗ್ಗಿದ್ದರೂ ಗಾಬರಿ ಕೇಳಿಸುತ್ತಿತ್ತು. "ಇವತ್ತೇನಾ? ಮುಂದಿನ ವಾರ ಅಂದಿದ್ರಲ್ರೀ?" ಫೋನ್ ಇಟ್ಟು ಮೈದುನನ ಬಳಿ ಬಂದರು. "ಇಂಥಾ ಹೊತ್ತಲ್ಲಿ ಕೇಳೋಕೆ ನಾಚಿಕೆ ಆಗ್ತಿದೆ. ಹವಳ ಬಂದಿಳಿದಿದೆ. ಈಗಾಗ್ಲೇ ತುಂಬಾ ಹೊತ್ತು ಚೀಲದಲ್ಲೇ ಇದೆ. ಸಂಜೆಯೊಳಗೆ ನೀರಿಗೆ ಬಿಡದಿದ್ರೆ ಉಳಿಯಲ್ಲ."

"ಅದಕ್ಕೇನು ಮೇಡಂ, ಮಣ್ಣು ಮುಗಿದ ತಕ್ಷಣ ಬರ್ತೀವಿ. ಅಣ್ಣ ಇದ್ದಿದ್ರೆ ಅವನೇ ಮೊದಲು ಓಡ್ತಿದ್ದ. ಪಕ್ಕದ ಪೈಪು ತೆರೆಯೋದು ತಾನೆ? ಎಷ್ಟೊತ್ತಿನ ಕೆಲಸ!"

ಪಕ್ಕದ ಪೈಪು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಯಾರೋ ಕುರ್ಚಿ ತಂದು ಕೂರಿಸಿದರು. ಅಳು ಬಂತೆಂದು ತಿಳಿದಿರಬೇಕು.

*

ಟ್ಯಾಂಕಿಗೆ ನೀರು ತುಂಬಿದ ಹೊಸದರಲ್ಲಿ ಒಂದು ಭಾನುವಾರ ಅವನು ಅವಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದ. ಮಹಡಿ ಮನೆಯಷ್ಟು ಎತ್ತರದ ಗಾಜು. ಹಿಂದೆ ನೀಲಿ ನೀರು, ನೀರೊಳಗೆ ತೂತುಬಿದ್ದ ಕಲ್ಲಿನ ರಾಶಿ. ಒಂದು ಮೀನೂ ಇರಲಿಲ್ಲ.

"ಕಲ್ಲು ತೋರಿಸೋಕೆ ಇಷ್ಟು ದೂರ ಕರ್ಕೊಂಡು ಬಂದ್ರಾ?"

"ಮೊದಲು ನೀರು ಹದಕ್ಕೆ ಬರ್ಬೇಕು ಕಣೇ. ಕಣ್ಣಿಗೆ ಕಾಣದೇ ಇರೋವು ಬಂದು ಮನೆ ಮಾಡ್ಬೇಕು. ಆಮೇಲೆ ಹವಳ. ಮೀನು ಕೊನೇಲಿ."

"ಹವಳ ಅಂದ್ರೆ ಸರಕ್ಕೆ ಪೋಣಿಸ್ತಾರಲ್ಲ, ಅದಾ?"

"ಅದು ಸತ್ತಿದ್ದು. ಇದು ಜೀವ ಇರೋದು. ತಿನ್ನುತ್ತೆ, ಬೆಳೆಯುತ್ತೆ, ಸಿಟ್ಟು ಬಂದ್ರೆ ಮುದುಡಿಕೊಳ್ಳುತ್ತೆ. ನಿನ್ನ ಥರ." ಅವಳು ಮೊಣಕೈಯಲ್ಲಿ ತಿವಿದಾಗ ನಕ್ಕು, ಮತ್ತೆ ಮುಖ ಚಿಕ್ಕದು ಮಾಡಿಕೊಂಡ. "ಒಂದು ತಾಮ್ರದ ಮೊಳೆ ಬಿದ್ರೂ ಮುಗೀತು, ಅಷ್ಟೂ ಸಾಯ್ತಾವೆ. ತಾಮ್ರ ಆಗ್ಲಿ, ತಾಮ್ರ ಬೆರೆಸಿರೋ ಹಿತ್ತಾಳೆ ಆಗ್ಲಿ, ಈ ನೀರಿಗೆ ಸೋಕಬಾರದು. ಎಲ್ಲಾ ಪ್ಲಾಸ್ಟಿಕ್ಕೇ. ಯಾರಾದ್ರೂ ತಪ್ಪಿ ಒಂದು ಹಾಕಿಬಿಟ್ರೆ ಅಂತ ನಿದ್ದೆ ಬರಲ್ಲ."

ಹೊರಡುವಾಗ ಪಂಪಿನ ಕೋಣೆಗೆ ಹೋಗಿ ನೋಡಿ ಬಂದ. ಗೇಟಿನವರೆಗೂ ಬಂದವನು ಮತ್ತೆ ಹೋದ. ಅವಳು ಕೈಚೀಲ ಹಿಡಿದು ಬಿಸಿಲಲ್ಲಿ ಕಾದಳು.

*

ವ್ಯಾನಿನಲ್ಲಿ ಮೈದುನ ಅವಳ ಪಕ್ಕ ಕೂತಿದ್ದ. ಪೆಟ್ಟಿಗೆ ಅವರ ಕಾಲ ಬಳಿಯೇ ಇತ್ತು. ತಿರುವಿನಲ್ಲೆಲ್ಲ ಅವನು ಅದರ ಮೇಲೆ ಕೈ ಇಡುತ್ತಿದ್ದ.

"ಆ ಪಕ್ಕದ ಪೈಪು ಎಲ್ಲಿಗೆ ಹೋಗುತ್ತೆ?" ಅವಳು ಕೇಳಿದಳು.

"ಹಿಂದಿನ ಕೋಣೆಯ ಸಣ್ಣ ತೊಟ್ಟಿಗೆ. ಹೊಸ ಹವಳನ ಮೊದಲು ಅಲ್ಲೇ ಇಡೋದು. ಯಾಕೆ?"

"ಇಷ್ಟು ದಿನ ತೆರೆದೇ ಇಲ್ವಾ?"

"ಹವಳನೇ ಇರ್ಲಿಲ್ವಲ್ಲ ಅತ್ತಿಗೆ. ಇವತ್ತೇ ಮೊದಲು."

ಅವಳು ಕಿಟಕಿಯತ್ತ ತಿರುಗಿ, ಅಂಗಡಿಗಳು ಹಿಂದೆ ಸರಿಯುವುದನ್ನು ನೋಡಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಅದರಲ್ಲಿ ಹಿತ್ತಾಳೆ ವಾಲ್ವ್ ಇದೆಯೇನೋ ಅಂತ ಅವರಿಗೆ ಅನುಮಾನ ಇತ್ತು. ಆಸ್ಪತ್ರೇಲಿ ಹೇಳಿದ್ರು. ನಿನಗೆ ತಿಳಿಸು ಅಂದಿದ್ರು."

ಮೈದುನ ಅವಳನ್ನೇ ನೋಡಿದ. ಆಮೇಲೆ ದಣಿದವನಂತೆ ನಕ್ಕ. "ಅಣ್ಣನ ಅನುಮಾನ! ನನ್ನ ಮದುವೆ ದಿನ ಮನೆ ನಲ್ಲಿ ನಿಲ್ಲಿಸಿದ್ನೋ ಇಲ್ವೋ ಅಂತ ಅರ್ಧ ದಾರಿಯಿಂದ ಗಾಡಿ ವಾಪಸ್ ತಿರುಗಿಸಿದ್ನಲ್ಲ, ಮರೆತ್ರಾ? ನಮ್ಮ ಮಾವ ಇವತ್ತಿಗೂ ಅದನ್ನೇ ಆಡ್ಕೊಳ್ತಾರೆ."

"ಇದು ಹಾಗಲ್ಲ ಅನ್ಸುತ್ತೆ ಕಣೋ."

"ಅದು ಈಗ ಗೋಡೆ ಹಿಂದಿದೆ. ಬಡಗಿ ಹಲಗೆ ಹೊಡೆದು ಬಣ್ಣನೂ ಬಳಿದಾಯ್ತು. ಕಿತ್ತು ನೋಡಿ ಏನೂ ಸಿಗದಿದ್ರೆ ಸತ್ತ ಮೇಲೂ ನಗ್ತಾರೆ. ಸಿಕ್ಕಿದ್ರೋ? ಹಿತ್ತಾಳೆ ಹಾಕಿ ಮುಚ್ಚಿಟ್ಟು ಹೋದ ಅಂತಾರೆ. ಇನ್ನೂ ಮಣ್ಣೇ ಬಿದ್ದಿಲ್ಲ ಅತ್ತಿಗೆ." ಅವನ ಕಣ್ಣು ತುಂಬಿತು. "ಇವತ್ತೊಂದಿನ ಬೇಡ. ಅವನನ್ನ ಸುಮ್ಮನೆ ಮಲಗೋಕೆ ಬಿಡಿ."

*

ಆಸ್ಪತ್ರೆಯಲ್ಲಿ ಅವನು ಸುಮ್ಮನೆ ಮಲಗಿರಲಿಲ್ಲ. ಮೂಗಿನ ಕೊಳವೆಯನ್ನು ಪದೇಪದೇ ಸರಿಸುತ್ತಿದ್ದ.

"ಆ ಸಂಜೆ ಪಕ್ಕದ ಪೈಪಿನ ಪ್ಲಾಸ್ಟಿಕ್ ವಾಲ್ವ್ ಬಿರುಕು ಬಿಡ್ತು. ಅಂಗಡಿ ಮುಚ್ಚಿತ್ತು. ನೀರು ನಿಲ್ಲಿಸ್ಬೇಕಲ್ಲ, ಚೀಲದಲ್ಲಿದ್ದ ಹಿತ್ತಾಳೇದು ಹಾಕಿದೆ. ಬೆಳಿಗ್ಗೆ ಬದಲಾಯಿಸೋಣ ಅಂತ. ಬೆಳಿಗ್ಗೆ ಹೊಸದು ತಗೊಂಡು ಹೋದೆ. ಅಲ್ಲಿ ಬಡಗಿ ಮೊಳೆ ಹೊಡೀತಿದ್ದ. ಎದೆ ಹಿಡ್ಕೊಳ್ತು. ಹಾಕಿದ್ನಾ ಇಲ್ವಾ, ನೆನಪೇ ಬರ್ತಿಲ್ಲ."

"ಹಾಕಿದೀರಿ."

"ನಿನಗೆ ಹೇಗೆ ಗೊತ್ತು?"

"ನೀವೇ ಫೋನ್ ಮಾಡಿದಾಗ ಹೇಳಿದ್ರಿ."

"ಹೇಳಿದ್ನಾ?"

"ಹೇಳಿದ್ರಿ."

"ತಮ್ಮನಿಗೂ ಒಂದು ಮಾತು ತಿಳಿಸಿಬಿಡು."

"ತಿಳಿಸ್ತೀನಿ. ಈಗ ಕಣ್ಣು ಮುಚ್ಚಿ."

ಅವನು ಫೋನ್ ಮಾಡಿರಲೇ ಇಲ್ಲ. ಆದರೆ ಇಂಥ ಮಾತು ಅವಳ ನಾಲಿಗೆಗೆ ರೂಢಿಯಾಗಿತ್ತು. ಚಿಲಕ ಹಾಕಿದ್ನಾ? ಹಾಕಿದೀರಿ. ಒಲೆ ಆರಿಸಿದ್ನಾ? ಆರಿಸಿದೀರಿ, ನಾನೇ ನೋಡಿದೆ. ಎಷ್ಟೋ ಸಲ ಮಗ್ಗುಲು ಬದಲಿಸದೆಯೇ, ನೋಡದೆಯೇ ಹೇಳಿದ್ದಳು. ಅವನು ನಂಬುತ್ತಿದ್ದ, ನಂಬಿ ನಿದ್ದೆ ಹೋಗುತ್ತಿದ್ದ. ಅಂದೂ ಹಾಗೆಯೇ ಆಯಿತು. ಹುಬ್ಬಿನ ಗಂಟು ಸಡಿಲವಾಯಿತು, ಉಸಿರು ನಿಧಾನವಾಯಿತು. ಬೆಳಿಗ್ಗೆ ನರ್ಸ್ ಬಂದು ಹಾಸಿಗೆಯ ಸುತ್ತ ಪರದೆ ಎಳೆದಳು.

*

ಗುಂಡಿಯ ಪಕ್ಕ ನಿಂತು ಮೇಡಂ ನಾಲ್ಕು ಮಾತಾಡಿದರು. ಮಾತಾಡಿ ರೂಢಿಯಿಲ್ಲದವರಂತೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದರು.

"ನಮ್ಮ ಟ್ಯಾಂಕಿನಲ್ಲಿ ನೀರು ಮುಟ್ಟೋ ಕಡೆ ಎಲ್ಲೂ ಒಂದು ಚೂರು ಲೋಹ ಇಲ್ಲ. ಅದನ್ನ ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕಂದ್ರೆ ಅದು ಇವರ ಕೈಕೆಲಸ. ಮುಂದೆ ಮಕ್ಕಳು ಗಾಜಿಗೆ ಮೂಗೊತ್ತಿ ಹವಳ ನೋಡ್ತಾರೆ. ಪೈಪು ಯಾರಿಗೂ ಕಾಣಿಸಲ್ಲ."

ವೆಲ್ಡರ್ ಜೋರಾಗಿ ಅತ್ತ. ಮೈದುನ ನೆಲ ನೋಡುತ್ತಿದ್ದ. ಅವಳು ಮೊದಲ ಹಿಡಿ ಮಣ್ಣು ಹಾಕಿದಳು. ಅದು ಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಅವಳೆಣಿಸಿದ್ದಕ್ಕಿಂತ ಜೋರಾಗಿತ್ತು. ಫೋನ್ ಮಾಡಿರಲಿಲ್ಲ ರೀ, ಎಂದುಕೊಂಡಳು. ನೀವು ಫೋನೇ ಮಾಡಿರಲಿಲ್ಲ.

ಜನ ಚದುರುವ ಮೊದಲೇ ಮೇಡಂ ಗಡಿಯಾರ ನೋಡಿಕೊಂಡು ಕಾರಿನತ್ತ ದಾಪುಗಾಲು ಹಾಕಿದರು. ಅವಳು ಹಿಂದೆಯೇ ಹೊರಟಳು. ಹೊಸ ಮಣ್ಣಿನಲ್ಲಿ ಒಂದು ಚಪ್ಪಲಿ ಹೂತು ಅಲ್ಲೇ ಉಳಿಯಿತು. "ಅತ್ತಿಗೆ!" ಎಂದು ಮೈದುನ ಕರೆದ. ಕಾರು ಹೊರಡುವುದರಲ್ಲಿತ್ತು. ಅವಳು ಕಿಟಕಿಯ ಗಾಜನ್ನು ಅಂಗೈಯಿಂದ ಬಡಿದಳು.

"ಪಕ್ಕದ ಪೈಪು ತೆರೀಬೇಡಿ."

"ಏನಮ್ಮಾ?"

"ಅದರಲ್ಲಿ ಹಿತ್ತಾಳೆ ಇದೆಯೇನೋ ಅಂತ ಅವರೇ ಹೇಳಿದ್ರು. ಗೋಡೆ ಬಿಚ್ಚಿಸಿ ನೋಡಿ. ಏನೂ ಇಲ್ದಿದ್ರೆ ನಗಾಡಿ, ಪರವಾಗಿಲ್ಲ. ನಗಾಡಿಸ್ಕೊಂಡು ಅವರಿಗೆ ಅಭ್ಯಾಸ ಇದೆ."

*

ಮ್ಯೂಸಿಯಂನ ಹಿಂಬದಿಯ ಓಣಿ ಇಬ್ಬರು ಪಕ್ಕಪಕ್ಕ ನಡೆಯಲಾರದಷ್ಟು ಕಿರಿದು. ಉಪ್ಪಿನ ವಾಸನೆ, ಪಂಪುಗಳ ಸದ್ದು. ಹವಳದ ಪೆಟ್ಟಿಗೆಗಳು ಆಗಲೇ ಬಂದಿದ್ದವು. ವೆಲ್ಡರ್ ಹೊಸ ಬಣ್ಣದ ಹಲಗೆಯ ಅಂಚಿಗೆ ಉಳಿ ಕೊಟ್ಟು ಎಬ್ಬಿಸಿದ. ಮೈದುನ ಟಾರ್ಚ್ ಹಿಡಿದು ಸಂದಿಯೊಳಗೆ ತಲೆ ತೂರಿಸಿದ.

ಬಹಳ ಹೊತ್ತು ಅವನ ಬೆನ್ನು ಅಲುಗಲಿಲ್ಲ.

"ಏನಿದೆ?" ಮೇಡಂ ಕೇಳಿದರು.

ಅವನು ಹೊರಬಂದು ಗೋಡೆಗೊರಗಿ ನೆಲದ ಮೇಲೆ ಕೂತ. "ಹಿತ್ತಾಳೇನೇ."

ಮೇಡಂ ಮಂಡಿಯೂರಿ ನೋಡಿದರು. ವಾಲ್ವಿನ ಕುತ್ತಿಗೆಯ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಅದರ ಪಕ್ಕದಲ್ಲೇ, ನೆಲದ ಮೇಲೆ, ಹೊಸ ಪ್ಲಾಸ್ಟಿಕ್ ವಾಲ್ವ್ ಅಂಗಡಿಯ ಪೊಟ್ಟಣ ಕೂಡ ಬಿಚ್ಚದೆ ಬಿದ್ದಿತ್ತು.

"ತೆರೆದಿದ್ರೆ?" ಅವಳು ಕೇಳಿದಳು.

"ಈ ನೀರು ಸೀದಾ ಹವಳದ ಮೇಲೆ."

"ಮೇಡಂ, ಅಣ್ಣ ಬೇಕು ಅಂತ..." ಮೈದುನ ಎದ್ದ.

"ಗೊತ್ತಪ್ಪ. ಆದ್ರೆ ನಾನು ವರದಿ ಕೊಡ್ಲೇಬೇಕು. ಹಿತ್ತಾಳೆ ಇತ್ತು ಅಂತ ಹೇಳ್ತೀನಿ. ಅವರೇ ಎಚ್ಚರಿಸಿದ್ರು ಅಂತಲೂ ಹೇಳ್ತೀನಿ."

"ಅವರು ಆವತ್ತೇ ಎಚ್ಚರಿಸಿದ್ರು," ಎಂದಳು ಅವಳು. "ನಾನು ತಲುಪಿಸಲಿಲ್ಲ. ಬದಲಾಯಿಸಿದೀರಿ ಅಂತ ಸುಳ್ಳು ಹೇಳಿ ಮಲಗಿಸಿದೆ. ಅದನ್ನೂ ಸೇರಿಸಿ."

ವೆಲ್ಡರ್ ಉಳಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಇಷ್ಟು ವರ್ಷದಲ್ಲಿ ಇದೊಂದ್ಸಲ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿ, ಗರಗಸ ತರಲು ಹೋದ.

ಹಿತ್ತಾಳೆ ಇದ್ದ ಪೈಪಿನ ತುಂಡನ್ನು ಕೊಯ್ದು ತೆಗೆದರು. ಹೊಸ ವಾಲ್ವ್ ಕೂರಿಸಿದರೂ ಅಂಟು ಒಣಗುವವರೆಗೆ ನೀರು ಬಿಡುವಂತಿರಲಿಲ್ಲ. ಅಷ್ಟು ಹೊತ್ತು ಹವಳ ಚೀಲದಲ್ಲಿ ಇರುವಂತೆಯೂ ಇರಲಿಲ್ಲ. ಮೇಡಂ ದೊಡ್ಡ ಟ್ಯಾಂಕಿನ ನೀರಿಗೆ ತಾಮ್ರ ಇಳಿದಿಲ್ಲವೆಂದು ಪರೀಕ್ಷಿಸಿ ನೋಡಿ, ಬಕೆಟುಗಳನ್ನು ಸಾಲಾಗಿ ಇಡಿಸಿದರು. ಚೀಲದ ನೀರಿನೊಡನೆಯೇ ಹವಳವನ್ನು ಬಕೆಟಿಗೆ ಇಳಿಸಿ, ದೊಡ್ಡ ಟ್ಯಾಂಕಿನಿಂದ ಸಣ್ಣ ನಳಿಕೆಯಲ್ಲಿ ಹನಿಹನಿಯಾಗಿ ಹೊಸ ನೀರು ಬೆರೆಸಬೇಕು. ಒಮ್ಮೆಲೇ ಸುರಿದರೆ ತಡೆಯುವುದಿಲ್ಲ, ನಿಲ್ಲಿಸಿದರೂ ಆಗುವುದಿಲ್ಲ. ಬಕೆಟುಗಳು ಹೆಚ್ಚಿದ್ದವು, ಕೈ ಕಡಿಮೆ ಇದ್ದವು. ಹೂಳಿ ಬಂದ ಬಟ್ಟೆಯಲ್ಲೇ ಒಬ್ಬೊಬ್ಬರು ಒಂದೊಂದು ಬಕೆಟ್ ಹಿಡಿದು ಕುಕ್ಕರುಗಾಲಲ್ಲಿ ಕೂತರು.

"ನನಗೂ ಒಂದು ಕೊಡಿ," ಎಂದಳು ಅವಳು.

"ನೀವು ಮನೆಗೆ ಹೋಗಿ ಅತ್ತಿಗೆ. ಅಲ್ಲಿ ಜನ ಕಾಯ್ತಿದಾರೆ."

"ಕಾಯ್ಲಿ."

ಮೇಡಂ ಒಂದು ನಳಿಕೆಯ ತುದಿಯನ್ನು ಅವಳ ಬೆರಳುಗಳ ನಡುವೆ ಇಟ್ಟು, ಎಷ್ಟು ಒತ್ತಬೇಕೆಂದು ತೋರಿಸಿದರು. ಬಕೆಟಿನ ತಳದಲ್ಲಿ ಮುಷ್ಟಿಗಾತ್ರದ ಒಂದು ಕಂದು ಗಡ್ಡೆ. ಎಲ್ಲ ಕಡೆಯಿಂದ ಒಳಸರಿದು ಮುದುಡಿತ್ತು. ಕಲ್ಲೇ ಎನ್ನಬಹುದಿತ್ತು.

"ಇದು ಬದುಕಿದೆಯಾ?"

ಮೇಡಂ ಬಾಗಿ ನೋಡಿದರು. ಅವಳ ಮುಖವನ್ನೂ ನೋಡಿದರು. "ಗೊತ್ತಿಲ್ಲಮ್ಮ. ಇವತ್ತು ಹೇಳೋಕೆ ಬರಲ್ಲ."

"ಸರಿ," ಎಂದಳು ಅವಳು.

ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ಬೆರಳ ಸಂದಿಯ ಮಣ್ಣು ಒದ್ದೆ ನೆಲಕ್ಕೆ ತಾಗಿ ಕರಗುತ್ತಿತ್ತು. ನಳಿಕೆಯ ತುದಿಯಲ್ಲಿ ಹನಿಯೊಂದು ತುಂಬಿ, ತೂಗಿ, ಬಿತ್ತು. ಅವಳು ಬೆರಳನ್ನು ತುಸು ಸಡಿಲಿಸಿದಳು, ಹೆಚ್ಚಾಯಿತೆನಿಸಿ ಮತ್ತೆ ಒತ್ತಿದಳು. ಮುಂದಿನ ಹನಿಗಾಗಿ ಉಸಿರು ಹಿಡಿದು ಕೂತಳು.