ಒದ್ದೆ ನೆಲದಿಂದ ಎದ್ದ ಕೈ

ಲಿಫ್ಟಿನ ಮೇಲಿನ ಕೆಂಪು ಅಂಕಿ ಇಳಿಯುತ್ತಿದೆ, ನಾಲ್ಕು, ಮೂರು, ಈ ಸಲ ಅತ್ತೆಯೇ ಇರಬೇಕು, ಅಲ್ಲ, ಹೊದಿಕೆಗಳ ಗಾಡಿ, ಅದರ ಹಿಂದೆ ಆಕಳಿಸುತ್ತ ಬಂದ ಆಯಾ — ಸ್ಕ್ಯಾನ್ ಮುಗಿಯಲು ಇನ್ನೆಷ್ಟು ಹೊತ್ತೋ, ಗಂಡ ಗುರುಚರಣ ಕೆಳಗೆ ಔಷಧಿಯ ಸಾಲಿನಲ್ಲಿದ್ದಾನೆ, ಅವನು ಬರುವುದರೊಳಗೆ ನನ್ನ ಮುಖ ಸರಿಹೋಗಬೇಕು, ಫೋನು ಮತ್ತೆ ನಡುಗಿತು, ಪೆರುಂಗುಡಿ ಆಫೀಸಿನಿಂದ ಕೌಶಿಕ್, ಮೇಡಂ, ಫಾಲ್ ಒಂದೇ ಬಾಕಿ, ಸಾಯಂಕಾಲದೊಳಗೆ ಕಳಿಸ್ತೀರಲ್ಲಾ, ಮಕ್ಕಳ ಇಂಗ್ಲಿಷ್ ಕನ್ನಡ ನಿಘಂಟಿನಲ್ಲಿ ಎಫ್ ಅಕ್ಷರ ನನ್ನ ಪಾಲಿಗೆ ಬಂದಿದೆ, ಫಾಲ್ ಎಂಬ ಪುಟ್ಟ ಕ್ರಿಯಾಪದಕ್ಕೆ ಎಷ್ಟೊಂದು ಅರ್ಥ, ಎಲೆ ಬೀಳುತ್ತದೆ, ಜ್ವರ ಇಳಿಯುತ್ತದೆ, ಕತ್ತಲು ಕವಿಯುತ್ತದೆ, ಕೂದಲು ಉದುರುತ್ತದೆ, ಸರ್ಕಾರ ಉರುಳುತ್ತದೆ, ಹಬ್ಬ ಭಾನುವಾರ ಬರುತ್ತದೆ, ಇಂಗ್ಲಿಷಿನವರಿಗೆ ಎಲ್ಲಕ್ಕೂ ಅದೊಂದೇ ಸಾಕು, ನಾನು ಒಂದೊಂದಕ್ಕೂ ಬೇರೆ ಮಾತು ಹುಡುಕಬೇಕು, ಹುಡುಕುವುದು ನನಗೆ ಇಷ್ಟ, ಮಾತಿನ ವಿಷಯದಲ್ಲಿ ನನ್ನ ಕೈ ಹಿಂದೆ ಸರಿದದ್ದಿಲ್ಲ, ಮೊದಲ ಅರ್ಥಕ್ಕೆ ಉದಾಹರಣೆ ಹೋದ ವಾರವೇ ಬರೆದಿದ್ದೆ, ಅಜ್ಜಿ ಜಾರಿ ಬಿದ್ದರು, ಹುಡುಗಿ ಓಡಿ ಬಂದು ಎತ್ತಿದಳು, ಚಿತ್ರವೂ ಬಂದಿದೆ, ಎರಡು ಜಡೆಯ ಹುಡುಗಿ, ಅಜ್ಜಿಯ ಕನ್ನಡಕ ಓರೆ, ಇಬ್ಬರೂ ನಗುತ್ತಿದ್ದಾರೆ — ನಾನು ಓಡಲಿಲ್ಲ.

ನಿನ್ನೆ ಏಕಾದಶಿ, ಅತ್ತೆ ತೊಟ್ಟು ನೀರೂ ಕುಡಿದಿಲ್ಲ, ಈ ವಯಸ್ಸಿನಲ್ಲಿ ಬೇಡ ಎಂದರೆ ಕೇಳುವವರಲ್ಲ, ಇವತ್ತು ದ್ವಾದಶಿ, ಪಾರಣೆಗೆ ಬೇಗ ಅಡಿಗೆಯಾಗಬೇಕು, ಬೆಳಗಾಗುತ್ತಲೇ ತಲೆಗೆ ಸ್ನಾನ, ಒದ್ದೆ ಸೀರೆಯಲ್ಲೇ ಮಡಿನೀರಿನ ತಂಬಿಗೆ ಹಿಡಿದು ದೇವರ ಮನೆಗೆ, ಆ ದಾರಿಗೆ ನಾನು ಅಡ್ಡ ಬರಬಾರದು, ಅಡ್ಯಾರಿನ ನಮ್ಮ ಫ್ಲ್ಯಾಟಿಗೆ ಸೊಸೆಯಾಗಿ ಬಂದಂದಿನಿಂದ ಕಲಿತ ಪಾಠ, ಮಡೀಲಿದೀನಿ ಕಣೇ, ದೂರ ನಿಲ್ಲು, ಅಂಗೈ ಅಡ್ಡ ಹಿಡಿದು ನಿಲ್ಲು ಎನ್ನುತ್ತಾರೆ, ನಾನು ಗೋಡೆಗೆ ಒತ್ತಿಕೊಳ್ಳುತ್ತೇನೆ, ದುಪಟ್ಟಾ ಮುದುಡಿ ಹಿಡಿಯುತ್ತೇನೆ, ಒಮ್ಮೆ ಒಣಹಾಕಿದ ಮಡಿಸೀರೆಯೇ ಗಾಳಿಗೆ ಹಾರಿ ನನ್ನ ಭುಜಕ್ಕೆ ತಾಗಿತು, ಮನೆ ತುಂಬ ನೆಂಟರು, ಎಮ್ಮೆ ಓದಿದಾಳಂತೆ, ಒಂದು ಸೀರೆಯಿಂದ ದೂರ ನಿಲ್ಲಕ್ಕೆ ಬರಲ್ಲ, ಎಂ.ಎ.ಯನ್ನು ಅತ್ತೆ ಬೇಕಂತಲೇ ಎಮ್ಮೆ ಎಂದು ಎಳೆದು ಹೇಳಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಆ ನಗು ಗಂಟಲಿನಿಂದ ಕೆಳಗಿಳಿಯದೆ ಅಲ್ಲೇ ಉಳಿಯಿತು, ಇವತ್ತು ಬೆಳಿಗ್ಗೆಯೂ ಅಲ್ಲೇ ಇತ್ತೇನೋ, ನಾನು ಹಲ್ಲುಜ್ಜುತ್ತ ನಡುಮನೆಯ ಬಾಗಿಲಲ್ಲಿ ನಿಂತಿದ್ದೆ, ಬಾಯ್ತುಂಬ ನೊರೆ, ಮೊದಲು ತಂಬಿಗೆ ಉರುಳಿದ ಸದ್ದು, ಆಮೇಲೆ ಅತ್ತೆ, ಅಷ್ಟು ಸಣ್ಣ ಸದ್ದು, ಒಣ ತೆಂಗಿನಗರಿ ಬಿದ್ದ ಹಾಗೆ, ಸುಮೇಧಾ ಎಂದರು, ಕೈ ಎತ್ತಿದರು, ಚಿನ್ನದ ಬಳೆ ಮಣಿಕಟ್ಟಿನಿಂದ ಮೊಣಕೈವರೆಗೆ ಜಾರಿತು — ನಾನು ಹಿಂದೆ ಸರಿದೆ, ಸ್ನಾನವಾಗಿಲ್ಲ, ಮುಟ್ಟಬಾರದು, ಆ ಕೈ ದೂರ ನಿಲ್ಲು ಎಂದೇ ಎದ್ದಿತು, ಹೌದು, ದಿನಾ ಹಾಗೇ ತಾನೇ ಏಳುವುದು, ಅಭ್ಯಾಸ, ಆದರೆ ಅಭ್ಯಾಸಕ್ಕೆ ಒಂದು ಗಳಿಗೆ ಸಾಕಿತ್ತು, ನಾನು ಬಚ್ಚಲಿಗೆ ಹೋದೆ, ನಲ್ಲಿ ತಿರುಗಿಸಿದೆ, ಬಾಯಿ ಮುಕ್ಕಳಿಸಿದೆ, ಬ್ರಷ್ಷು ತೊಳೆದೆ, ಚೆನ್ನಾಗಿ ತೊಳೆದು ಲೋಟದಲ್ಲಿ ನಿಲ್ಲಿಸಿದೆ, ಆಗ ನನ್ನೊಳಗೆ ಏನೋ ಹೇಳಿತು, ಇರಲಿ, ನಿಮ್ಮ ಮಡಿ ನಿಮ್ಮನ್ನು ಎತ್ತಲಿ — ಇಲ್ಲ, ಹೇಳಿತು ಎಂದರೆ ಯಾರೋ ಹೇಳಿದಂತಾಗುತ್ತದೆ, ಹೇಳಿಕೊಂಡವಳು ನಾನು.

ಆಮೇಲೆ ಗುರುವನ್ನು ಎಬ್ಬಿಸಿದೆ, ಅವನು ಮಾಸಿದ ಬನಿಯನ್ನಿನಲ್ಲೇ ಓಡಿ ಬಂದು ಅಮ್ಮನನ್ನು ಬಾಚಿ ಎತ್ತಿದ, ಮಡಿ ಎಂದು ಯಾರೂ ಅನ್ನಲಿಲ್ಲ, ಅತ್ತೆಯೂ ಅನ್ನಲಿಲ್ಲ, ಅವನ ಕುತ್ತಿಗೆ ತಬ್ಬಿಕೊಂಡರು, ನೀ ಎಲ್ಲಿದ್ದೆ ಎಂದ, ಬಚ್ಚಲಲ್ಲಿ, ನಲ್ಲಿ ಬಿಟ್ಟಿದ್ದೆ ಎಂದೆ, ಎರಡೂ ನಿಜ, ಕೇಳಿಸಲಿಲ್ಲ ಎಂಬುದನ್ನು ಅವನೇ ಸೇರಿಸಿಕೊಳ್ಳಲಿ ಎಂದು ಬಿಟ್ಟೆ, ಸೇರಿಸಿಕೊಂಡ, ಇಲ್ಲಿ ಡಾಕ್ಟರಮ್ಮ ಕೇಳಿದಳು, ಎವ್ವಳವು ನೇರಂ ಕೀಳೆ ಇರುಂದಾಂಗ, ಎಷ್ಟು ಹೊತ್ತು ಕೆಳಗೇ ಇದ್ದರು ಅಂತ, ತೆರಿಯಲೆ ಎಂದೆ, ಗೊತ್ತಿಲ್ಲ, ತಮಿಳಿನಲ್ಲಿ ಸುಳ್ಳು ಸ್ವಲ್ಪ ಹಗುರ, ಮಗಳು ಪ್ರಣಮ್ಯಾ ಕಾಲೇಜಿನಿಂದ ಫೋನು ಮಾಡಿದಳು, ಅಜ್ಜಿಕ್ಕು ಎನ್ನ ಆಚ್ಚು ಅಮ್ಮಾ, ಅಜ್ಜಿಗೇನಾಯ್ತು ಅಂತ, ಏನಿಲ್ಲಮ್ಮ, ಬಿದ್ದರು ಎಂದೆ, ನೀ ಪಕ್ಕತ್ತಿಲ್ ಇರುಂದಿಯಾ, ಪಕ್ಕದಲ್ಲಿದ್ದೆಯಾ ಎಂದು ಕೇಳುತ್ತಾಳೆ, ಸಿಗ್ನಲ್ ಇಲ್ಲ ಎಂದು ಫೋನಿಟ್ಟೆ, ಸಿಗ್ನಲ್ ತುಂಬ ಇತ್ತು, ಅತ್ತೆ ನನ್ನನ್ನು ನೋಡಿದ್ದಾರೆ, ನೊರೆಬಾಯಿಯನ್ನೂ ತಿರುಗಿದ ಬೆನ್ನನ್ನೂ ನೋಡಿದ್ದಾರೆ, ಹೊರಗೆ ಬಂದವರೇ ಹೇಳುತ್ತಾರೆ, ಒಂದೇ ಮಾತು, ಗುರು ನನ್ನ ಕಡೆ ತಿರುಗುತ್ತಾನೆ, ಸಂಜೆಯೊಳಗೆ ಮಗಳಿಗೂ ಗೊತ್ತಾಗುತ್ತದೆ, ಅಷ್ಟೇ.

ಲಿಫ್ಟು ತೆರೆಯಿತು, ತಳ್ಳುಗಾಡಿಯ ಮೇಲೆ ಅತ್ತೆ, ಆಸ್ಪತ್ರೆಯ ಹಸಿರು ಅಂಗಿ, ಯಾರುಯಾರೋ ಎತ್ತಿ ಇಳಿಸಿದ ಮೈ, ಸೊಂಟದ ಮೂಳೆ ಮುರಿದಿದೆಯಂತೆ, ಗುರು ಚೀಟಿ ಹಿಡಿದು ಓಡಿ ಬಂದ, ಅಮ್ಮಾ, ಸುಮ್ನೆ ಬಿದ್ದಿದ್ಯಲ್ಲ, ಇವಳನ್ನ ಕೂಗಬಾರದಿತ್ತಾ, ನಾನು ಗೋಡೆಗೆ ಒತ್ತಿಕೊಂಡೆ, ಮನೆಯಲ್ಲಿ ನಿಲ್ಲುವ ಹಾಗೇ, ಈಗ, ಈಗ — ಕೂಗಿದೆನಪ್ಪಾ, ನಲ್ಲಿ ಸದ್ದಲ್ಲಿ ಅವಳಿಗೆ ಕೇಳಿಸ್ಲಿಲ್ಲ, ಪಾಪ, ಅವಳನ್ನೇನೂ ಅನ್ನಬೇಡ, ನಾನು ಹೇಳದೆ ಬಿಟ್ಟಿದ್ದ ಸುಳ್ಳನ್ನು ಅತ್ತೆ ಹೇಳಿ ಮುಗಿಸಿದರು, ಪಾರಣೆಯಾಗದ ಒಣ ಬಾಯಲ್ಲಿ, ನನ್ನ ಕಡೆ ನೋಡಲಿಲ್ಲ, ಈ ಬಳೆ ಅವಳ ಕೈಗೆ ಕೊಡೋ, ಸ್ಕ್ಯಾನಿಗೆ ತೆಗೆಸಿಬಿಟ್ರು ಎಂದರು, ನರ್ಸಿನ ಕೈಯಿಂದ ಗುರು ಇಸಿದುಕೊಂಡು ನನ್ನ ಅಂಗೈ ಮೇಲೆ ಬಿಟ್ಟ, ಎಷ್ಟು ಹಗುರ, ನಡಿಯೇ, ಏನು ನಿಂತುಬಿಟ್ಟೆ ಎಂದು ಮುಂದೆ ಹೋದ, ಗಾಡಿಯೂ ಹೋಯಿತು, ಫೋನು ನಡುಗುತ್ತಿದೆ, ಫಾಲ್, ಫಾಲ್ — ನಿಲ್ಲು ಎನ್ನುವ ಕೈ ಅಂಗೈಯನ್ನು ಹೊರಗೆ ತೋರುತ್ತದೆ, ದಿನಾ ನೋಡಿದವಳು ನಾನು, ಬೆಳಿಗ್ಗೆಯ ಅಂಗೈ ಮೇಲ್ಮುಖವಾಗಿತ್ತು, ಬಳೆ ಮೊಣಕೈಗೆ ಜಾರಿತ್ತು, ಬೆರಳುಗಳು ಒಳಕ್ಕೆ ಮಡಿಯುತ್ತಿದ್ದವು, ಬಾ ಎನ್ನುವ ಹಾಗೆ, ಒದ್ದೆ ನೆಲದಿಂದ ಆ ಕೈ, ಬೆರಳು ಮಡಿಯುತ್ತ, ಆ ಕೈ